ಬ್ರೆಕ್ಸಿಟ್ ಆಯ್ತಲ್ಲ ಮೇಷ್ಟ್ರೇ, ಯುರೋಪಿನವರ ಜಾಗ ಈಗ ನಮ್ಮವರಿಗೇ ಅಲ್ವಾ?

ಪ್ರಶ್ನೆ: "ನಮಸ್ಕಾರ ಮೇಷ್ಟ್ರೇ. ನಮ್ಮ ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಹಾಸನದಲ್ಲೇ ಕೆಲಸ ಮಾಡ್ತಿದ್ದಾಳೆ. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟಾಗ ಅಲ್ಲಿದ್ದ ಪೋಲೆಂಡ್, ರೊಮೇನಿಯಾದವರನ್ನೆಲ್ಲ ಊರಿಗೆ ಕಳಿಸಿದ್ರಂತೆ. ಆ ಜಾಗಕ್ಕೆ ಈಗ ನಮ್ಮವರನ್ನೇ ತಗೋತಾರಂತೆ. ನಿಜಾನಾ? ನಾಳೆ ನಮ್ಮವರನ್ನೂ ಹಂಗೇ ಕಳಿಸಿಬಿಟ್ರೆ?"

ಈ ಪ್ರಶ್ನೆ ಚನ್ನರಾಯಪಟ್ಟಣದಿಂದ ಬಂದಿದೆ, ಸಕಲೇಶಪುರದಿಂದ ಬಂದಿದೆ, ಆಲೂರಿನಿಂದಲೂ ಬಂದಿದೆ. ಮಾತು ಬೇರೆ ಬೇರೆ, ಕೇಳುವುದು ಒಂದೇ. ಪ್ರತಿ ಸಲ ಉತ್ತರ ಕೊಟ್ಟಿದ್ದೇನೆ. ಇನ್ನೊಂದು ಸಲ ವಿವರವಾಗಿ ಬರೆಯುತ್ತೇನೆ. ಯಾಕಂದ್ರೆ ಈ ಮಾತು ನಂಬಿ ಜನ ಒಡವೆ ಅಡವಿಡುತ್ತಿದ್ದಾರೆ, ಶುಂಠಿ ದುಡ್ಡನ್ನು ಪೂರ್ತಿ ತಂದು ಏಜೆಂಟರ ಕೈಗೆ ಸುರಿಯುತ್ತಿದ್ದಾರೆ.

ಮೊದಲು ನೇರ ಉತ್ತರ. ಅಲ್ಲಿದ್ದ ಯುರೋಪಿನವರನ್ನು ಹಾಗೆ ಗುಂಪಾಗಿ ಕಳಿಸಲಿಲ್ಲ. ಜಾಗ ಖಾಲಿ ಮಾಡಿಸಿ ನಮಗಾಗಿ ಎತ್ತಿಡಲೂ ಇಲ್ಲ. ನಿಮ್ಮ ಮಗಳು ಹೋಗಬಹುದು. ಆದರೆ ಅದು ಅವಳ ಓದು ಮತ್ತು ಪರೀಕ್ಷೆಯ ಬಲದಿಂದ, ಬ್ರಿಟನ್ ಒಕ್ಕೂಟ ಬಿಟ್ಟ ಈ ಬ್ರೆಕ್ಸಿಟ್ ಬಲದಿಂದಲ್ಲ.

ಈಗ ಆ "ಕಳಿಸಿದ್ರಂತೆ" ಅನ್ನುವ ಮಾತಿಗೆ ಬರೋಣ. ಇದು ಎಷ್ಟು ಹೇಳಿದರೂ ಸಾಯದ ಸುಳ್ಳು.

ಬ್ರಿಟನ್ನಿನಲ್ಲಿ ಮತದಾನ ನಡೆದದ್ದು 2016ರ ಜೂನ್ 23ಕ್ಕೆ. ಒಕ್ಕೂಟ ಬಿಡೋಣ ಅಂದವರು ಶೇ 51.9, ಬೇಡ ಅಂದವರು ಶೇ 48.1. ದೇಶ ನಿಜವಾಗಿ ಹೊರಗೆ ಬಂದದ್ದು 2020ರ ಜನವರಿ 31ಕ್ಕೆ. ಹಳೇ ನಿಯಮಗಳು ಆ ವರ್ಷದ ಡಿಸೆಂಬರ್ 31ರವರೆಗೂ ನಡೆದವು. ಅಂದರೆ ಮತ ಹಾಕಿದ ದಿನಕ್ಕೂ ನಿಯಮ ಬದಲಾದ ದಿನಕ್ಕೂ ನಡುವೆ ನಾಲ್ಕೂವರೆ ವರ್ಷ. ಅಲ್ಲಿದ್ದ ಹೊರಗಿನವರು ಒದ್ದಾಡಿದ್ದು ಈ ನಡುವಿನ ವರ್ಷಗಳಲ್ಲಿ.

ಯಾಕೆ ಒದ್ದಾಡಿದರು? ಅವರ ಹತ್ತಿರ ವೀಸಾ ಇರಲಿಲ್ಲ. ಬೇಕಾಗಿಯೇ ಇರಲಿಲ್ಲ. ಒಕ್ಕೂಟದ ಒಪ್ಪಂದದ ಪ್ರಕಾರ ಪೋಲೆಂಡಿನ ಒಬ್ಬ ಬಡಗಿ ಬಸ್ ಹತ್ತಿ ಲಂಡನ್ನಿಗೆ ಬಂದು ಮಾರನೇ ದಿನ ಕೆಲಸಕ್ಕೆ ಸೇರಬಹುದಿತ್ತು. ನಮ್ಮ ಹಾಸನದ ಹುಡುಗ ಪುಣೆಗೆ ಹೋಗಿ ಕೆಲಸ ಹಿಡಿಯುತ್ತಾನಲ್ಲ, ಹಾಗೆ. ಸಂವಿಧಾನದ 19ನೇ ವಿಧಿ ಅವನಿಗೆ ದೇಶದಲ್ಲಿ ಎಲ್ಲಿ ಬೇಕಾದರೂ ಇರುವ, ದುಡಿಯುವ ಹಕ್ಕು ಕೊಟ್ಟಿದೆ. ಅವನು ಯಾವ ಕಚೇರಿಗೂ ಹೋಗಿ ಸಹಿ ಹಾಕಿಸಿಕೊಳ್ಳುವುದಿಲ್ಲ. ಈಗ ಯೋಚನೆ ಮಾಡಿ: ಒಂದು ದಿನ ಅವನನ್ನು ನಿಲ್ಲಿಸಿ, "ಐದು ವರ್ಷದಿಂದ ಇಲ್ಲೇ ಇದ್ದೀಯ ಅನ್ನೋದಕ್ಕೆ ದಾಖಲೆ ಕೊಡು" ಅಂದರೆ? ಬಾಡಿಗೆ ಕರಾರು ರೂಮ್‌ಮೇಟ್ ಹೆಸರಲ್ಲಿದೆ. ಮೊದಲೆರಡು ವರ್ಷ ಸಂಬಳ ಕೈಗೇ ಕೊಟ್ಟಿದ್ದರು. ಹೆಂಡತಿ ಮನೆಯಲ್ಲೇ ಇದ್ದಳು, ಅವಳ ಹೆಸರಲ್ಲಿ ಕರೆಂಟ್ ಬಿಲ್ಲೂ ಇಲ್ಲ. ತಪ್ಪು ಮಾಡಿದವರು ಯಾರೂ ಇಲ್ಲ. ಆದರೆ ತೋರಿಸುವುದಕ್ಕೆ ಕೈಯಲ್ಲಿ ಏನೂ ಇಲ್ಲ.

ಬ್ರಿಟನ್ನಿನಲ್ಲಿ ಆದದ್ದು ಅದೇ. ಮತದಾನದ ನಂತರ ಸರ್ಕಾರ "ಈಗ ಇರುವವರು ಇರಬಹುದು" ಎಂದು ಒಂದು ಮಾತು ಖಚಿತವಾಗಿ ಹೇಳಲಿಲ್ಲ. ಯುರೋಪಿನಲ್ಲಿರುವ ಬ್ರಿಟಿಷರಿಗೂ ಅದೇ ಭರವಸೆ ಸಿಗಲಿ, ಆಮೇಲೆ ನೋಡೋಣ ಅನ್ನುವುದು ಪ್ರಧಾನಿ ತೆರೇಸಾ ಮೇ ಅವರ ನಿಲುವು. 2017ರ ಮಾರ್ಚ್‌ನಲ್ಲಿ ಮೇಲ್ಮನೆಯವರು ಈ ಜನರ ಹಕ್ಕನ್ನು ಕಾನೂನಿನಲ್ಲೇ ಬರೆಯಿರಿ ಎಂದು ಮತ ಹಾಕಿದರು. ಕೆಳಮನೆ ಅದನ್ನು ತಳ್ಳಿಹಾಕಿತು. ಮಕ್ಕಳು ಶಾಲೆಗೆ ಹೋಗುತ್ತಿದ್ದ, ಮನೆ ಸಾಲ ಕಟ್ಟುತ್ತಿದ್ದ ಲಕ್ಷಾಂತರ ಜನ ಮಾತುಕತೆಯ ಮೇಜಿನ ಮೇಲೆ ಕಾಯಿಗಳಾಗಿ ಕೂತರು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಕೆಟ್ಟ ಸುದ್ದಿಯನ್ನಾದರೂ ಮನುಷ್ಯ ತಡೆದುಕೊಳ್ಳುತ್ತಾನೆ. ಏನೂ ಗೊತ್ತಿಲ್ಲದೆ ವರ್ಷಗಟ್ಟಲೆ ಕಾಯುವುದು ಬಹಳ ಕಷ್ಟ.

ಭಯದಲ್ಲಿ ಕೆಲವರು ಕಾಯಂ ವಾಸದ ಪತ್ರಕ್ಕೆ ಅರ್ಜಿ ಹಾಕಿದರು. ಆ ಅರ್ಜಿ 85 ಪುಟ! ಕಷ್ಟಪಟ್ಟು ತುಂಬಿ ತೆಗೆದುಕೊಂಡ ಆ ಪತ್ರವೂ 2021ರ ಜೂನ್ ನಂತರ ಚಲಾವಣೆಯಲ್ಲಿ ಉಳಿಯಲಿಲ್ಲ. ಯಾಕಂದ್ರೆ ಅಷ್ಟರಲ್ಲಿ ಸರ್ಕಾರ ಹೊಸ ಯೋಜನೆ ತಂದಿತ್ತು. 2019ರ ಮಾರ್ಚ್‌ನಲ್ಲಿ ಎಲ್ಲರಿಗೂ ತೆರೆದ ಈ ಯೋಜನೆಯಲ್ಲಿ ಐದು ವರ್ಷ ತುಂಬಿದವರಿಗೆ ಕಾಯಂ ಸ್ಥಾನ, ತುಂಬದವರಿಗೆ ತಾತ್ಕಾಲಿಕ ಸ್ಥಾನ. ಮೊದಲು 65 ಪೌಂಡ್ ಶುಲ್ಕ ಅಂದರು, ಗಲಾಟೆ ಆದ ಮೇಲೆ ಅದನ್ನು ತೆಗೆದರು. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡುವ ಆ್ಯಪ್ ಶುರುವಿನಲ್ಲಿ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ಓಡುತ್ತಿತ್ತು. ಐಫೋನ್ ಇದ್ದವರು ಸ್ನೇಹಿತರ ಫೋನ್ ಕೇಳಿ ಪಡೆದರು. ಕೊನೆಯ ದಿನ 2021ರ ಜೂನ್ 30.

ಸರ್ಕಾರ ಅಂದಾಜು ಮಾಡಿದ್ದು 35ರಿಂದ 41 ಲಕ್ಷ ಜನ ಇರಬಹುದು ಅಂತ. ಸ್ಥಾನ ಸಿಕ್ಕಿದ್ದು 50 ಲಕ್ಷಕ್ಕೂ ಹೆಚ್ಚು ಜನರಿಗೆ! ಇದನ್ನು ದಯವಿಟ್ಟು ಇನ್ನೊಂದು ಸಲ ಓದಿ. "ಎಲ್ಲರನ್ನೂ ಕಳಿಸಿದ್ರಂತೆ" ಅನ್ನುವ ಆ ದೇಶ, ತನ್ನ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಜನರಿಗೆ ಇಲ್ಲೇ ಇರಿ ಎಂದು ಬರೆದುಕೊಟ್ಟಿದೆ. ತೊಂದರೆ ಆದದ್ದು ಅರ್ಜಿ ಹಾಕದೇ ಉಳಿದವರಿಗೆ. ಇಂಟರ್ನೆಟ್ ಗೊತ್ತಿಲ್ಲದ ವಯಸ್ಸಾದವರು, ಸರ್ಕಾರಿ ಆಶ್ರಯದಲ್ಲಿದ್ದ ಮಕ್ಕಳು, "ನಾನು ನಲವತ್ತು ವರ್ಷದಿಂದ ಇದ್ದೀನಿ, ನನಗ್ಯಾಕೆ ಅರ್ಜಿ" ಅಂದುಕೊಂಡವರು. ಐರ್ಲೆಂಡಿನವರಿಗೆ ಮಾತ್ರ ಈ ಅರ್ಜಿಯ ಗೋಜೇ ಇರಲಿಲ್ಲ. ಅವರಿಗೆ ಬ್ರಿಟನ್ ಜೊತೆ ಹಳೆಯ ಬೇರೆ ಒಪ್ಪಂದ ಇದೆ.

ಹಾಗಾದರೆ ಯುರೋಪಿನ ನರ್ಸ್‌ಗಳು ಕಡಿಮೆಯಾಗಲಿಲ್ವಾ? ಆದರು. 2015-16ರಲ್ಲಿ ಯುರೋಪಿನಿಂದ 9 ಸಾವಿರಕ್ಕೂ ಹೆಚ್ಚು ನರ್ಸ್‌ಗಳು ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೊಸದಾಗಿ ಹೆಸರು ಬರೆಸಿದ್ದರು. 2017-18ರಲ್ಲಿ ಅದು ಸಾವಿರದ ಒಳಗೆ ಬಿತ್ತು. ಇಸವಿ ಗಮನಿಸಿ. ಬ್ರಿಟನ್ ಆಗಿನ್ನೂ ಒಕ್ಕೂಟದ ಒಳಗೇ ಇತ್ತು, ಒಂದು ನಿಯಮವೂ ಬದಲಾಗಿರಲಿಲ್ಲ. ಯಾರೂ ಅವರನ್ನು ತಡೆಯಲಿಲ್ಲ. ನಾಳೆ ಏನೋ ಎಂತೋ ಅಂತ ಅವರೇ ಬರುವುದು ಬಿಟ್ಟರು. ಇನ್ನೊಂದು ಕಾರಣವೂ ಇದೆ: 2016ರ ಜನವರಿಯಿಂದ ಯುರೋಪಿನ ನರ್ಸ್‌ಗಳಿಗೂ ಇಂಗ್ಲಿಷ್ ಪರೀಕ್ಷೆಯ ಷರತ್ತು ಬಂದಿತ್ತು. ಅದಕ್ಕೂ ಬ್ರೆಕ್ಸಿಟ್‌ಗೂ ಸಂಬಂಧವಿಲ್ಲ.

ನಮ್ಮವರಿಗೆ ದಾರಿ ಸಲೀಸಾದದ್ದೂ ಹಾಗೆಯೇ. ಯುರೋಪಿನಾಚೆಯ ಕೆಲಸಗಾರರಿಗೆ ಆಗ ವರ್ಷಕ್ಕೆ 20,700 ವೀಸಾ ಎಂಬ ಮಿತಿ ಇತ್ತು. ಆಸ್ಪತ್ರೆಗಳು ಆಯ್ಕೆ ಮಾಡಿಕೊಂಡ ಡಾಕ್ಟರುಗಳಿಗೇ ವೀಸಾ ಸಿಗದೆ ರಾದ್ಧಾಂತವಾಯಿತು. 2018ರ ಜೂನ್‌ನಲ್ಲಿ ಡಾಕ್ಟರು, ನರ್ಸ್‌ಗಳನ್ನು ಆ ಮಿತಿಯಿಂದ ಹೊರಗಿಟ್ಟರು. ಆಗಲೂ ಬ್ರಿಟನ್ ಒಕ್ಕೂಟದೊಳಗೇ ಇತ್ತು. ದಾರಿ ತೆರೆದದ್ದು ಆಸ್ಪತ್ರೆಯ ಕೊರತೆ.

ಬ್ರೆಕ್ಸಿಟ್ ನಂತರ ಒಂದಷ್ಟು ಸಡಿಲ ಆದದ್ದು ಹೌದು, ಅದನ್ನೂ ಹೇಳಬೇಕು. 2020ರ ಡಿಸೆಂಬರಿನ ಹೊಸ ಪದ್ಧತಿಯಲ್ಲಿ ವೀಸಾಗೆ ಬೇಕಾದ ಕನಿಷ್ಠ ಸಂಬಳದ ಮಿತಿ ಇಳಿಯಿತು. 2021ರಿಂದ ಹೊಸದಾಗಿ ಬರುವ ಯುರೋಪಿನವರೂ ನಾವೂ ಒಂದೇ ಸಾಲಿನಲ್ಲಿ ನಿಂತೆವು. 2022ರ ಫೆಬ್ರವರಿಯಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸಕ್ಕೂ ವೀಸಾ ಕೊಟ್ಟರು. ಏಜೆಂಟರು ಹಬ್ಬ ಮಾಡಿದ್ದು ಆಗಲೇ. ಆದರೆ 2024ರ ಮಾರ್ಚ್‌ನಲ್ಲಿ ಕೇರ್ ವರ್ಕರ್‌ಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ ಅಂದರು. 2025ರ ಜುಲೈ 22ಕ್ಕೆ ಅವರನ್ನು ಹೊರದೇಶದಿಂದ ಹೊಸದಾಗಿ ತಗೊಳ್ಳುವುದನ್ನೇ ನಿಲ್ಲಿಸಿದರು. ಸಾಮಾನ್ಯ ಕೆಲಸದ ವೀಸಾಗೆ ಸಂಬಳದ ಮಿತಿ 25,600 ಪೌಂಡಿನಿಂದ ಏರುತ್ತಾ ಏರುತ್ತಾ 41,700ಕ್ಕೆ ಹೋಯಿತು. ಒಕ್ಕೂಟ ಬಿಟ್ಟು ಇಷ್ಟು ವರ್ಷ ಆದ ಮೇಲೆ ಬಂದ ಬದಲಾವಣೆಗಳಿವು. ಬ್ರೆಕ್ಸಿಟ್ ನಮಗೆ ಕಾಯಂ ಜಾಗ ಕೊಟ್ಟಿದ್ದರೆ ಇವೆಲ್ಲ ಹೇಗೆ ಆಗುತ್ತಿದ್ದವು ಹೇಳಿ?

ಇತ್ತೀಚೆಗೆ ಅರಸೀಕೆರೆ ಕಡೆಯ ದಂಪತಿ ಒಂದು ಸರ್ಟಿಫಿಕೇಟ್ ತಂದು ತೋರಿಸಿದರು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಕಿರೀಟದ ಗುರುತು, ಕೆಳಗೆ ಮೊಹರು. ಲ್ಯಾಮಿನೇಷನ್ ಬೇರೆ. "ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಬಂದಿದೆ, ಬಾಕಿ ದುಡ್ಡು ಕಟ್ಟಿಬಿಡಣಾ?" ಅಂತ ಕೇಳಿದರು. ನೋಡಿದ ತಕ್ಷಣ ಬೇಡ ಅಂದೆ. ಸರ್ಟಿಫಿಕೇಟ್ ಅಂತ ಕರೆದರೂ ಅದು ಕಾಗದವೇ ಅಲ್ಲ. ಕೆಲಸ ಕೊಡುವವರು ಬ್ರಿಟನ್ ಗೃಹ ಇಲಾಖೆಯ ಕಂಪ್ಯೂಟರಿನಲ್ಲಿ ಮಾಡುವ ನಮೂದು. ನಮಗೆ ಬೇಕಾಗುವುದು ಅದರ ಒಂದು ನಂಬರ್ ಅಷ್ಟೇ. ಚಿನ್ನದ ಅಂಚಿನ ಕಾಗದವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಸ್ಪಾನ್ಸರ್ ಮಾಡುವ ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಅವರೆದುರೇ ಹುಡುಕಿದೆ. ಸರ್ಟಿಫಿಕೇಟಿನಲ್ಲಿದ್ದ ಸಂಸ್ಥೆಯ ಹೆಸರು ಅದರಲ್ಲಿರಲಿಲ್ಲ. ಆಯಮ್ಮ ಕಾಗದವನ್ನು ಮಡಚಲಾಗದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ಕೂತರು.

ಆದ್ದರಿಂದ, ತಾಯಿ, ನಿಮ್ಮ ಮಗಳ ವಿಷಯಕ್ಕೆ ಇಷ್ಟು ಹೇಳುತ್ತೇನೆ. ನರ್ಸ್ ಹುದ್ದೆ ಪದವಿ ಮಟ್ಟದ್ದು, ಆ ದಾರಿ ಮುಚ್ಚಿಲ್ಲ. ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಪಾಸಾಗಲಿ. ಐಇಎಲ್‌ಟಿಎಸ್ ಆದರೆ ಒಟ್ಟು 7 ಬೇಕು, ಬರವಣಿಗೆಯಲ್ಲಿ 6.5 ಸಾಕು. ನರ್ಸಿಂಗ್ ಬಗ್ಗೆ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ ಇಲ್ಲೇ ಬರೆಯಬಹುದು, ಕೈಕೆಲಸದ ಪರೀಕ್ಷೆ ಅಲ್ಲಿಗೆ ಹೋದ ಮೇಲೆ. ಏಜೆಂಟರ ಮೂಲಕ ಹೋಗುವುದಾದರೆ ನಮ್ಮ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರು ಇದೆಯಾ ನೋಡಿ. ನೋಂದಣಿಯಾದ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಳ ಮಾತು ಬಂದರೆ ಎದ್ದು ಬನ್ನಿ.

"ನಾಳೆ ನಮ್ಮವರನ್ನೂ ಕಳಿಸಿದ್ರೆ" ಅನ್ನುವ ಭಯಕ್ಕೂ ಉತ್ತರ ಬೇಕಲ್ಲ. ನಮ್ಮವರ ಅಭದ್ರತೆ ಇರುವುದು ಬೇರೆ ಕಡೆ. ಅವರ ವೀಸಾ ಕೆಲಸ ಕೊಟ್ಟವರಿಗೆ ಅಂಟಿಕೊಂಡಿರುತ್ತದೆ. ಆ ಸಂಸ್ಥೆಯ ಪರವಾನಗಿ ರದ್ದಾದರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕಬೇಕು, ಇಲ್ಲವೇ ಹೊರಡಬೇಕು. ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸವನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನು ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು. ಹೋಗುವವರು ಕೇಳಿ ತಿಳಿದುಕೊಳ್ಳಬೇಕಾದದ್ದು ಇವನ್ನು. ಆಸ್ಪತ್ರೆ ಯಾವುದು, ಎಷ್ಟು ವರ್ಷದ ಕರಾರು, ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಕಟ್ಟಬೇಕು. ಇದನ್ನು ಕೇಳದೆ ಬ್ರೆಕ್ಸಿಟ್ ಬಗ್ಗೆ ಕೇಳುತ್ತಾರೆ.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ಅದನ್ನೂ ಹೇಳಿ ಮುಗಿಸುತ್ತೇನೆ. ನಮ್ಮ ದೇಶದಿಂದ ಹೋದವರಲ್ಲಿ ಬ್ರೆಕ್ಸಿಟ್ ನೇರವಾಗಿ ತಟ್ಟಿದವರು ಯಾರೂ ಇಲ್ವಾ? ಇದ್ದಾರೆ, ಪಕ್ಕದ ಗೋವಾದವರು. ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗಲ್ ಕೈಯಲ್ಲಿತ್ತು. ಅದಕ್ಕೂ ಮೊದಲು ಅಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗೀಸ್ ಪೌರತ್ವ ಪಡೆಯಬಹುದು. ಹಾಗೆ ಪಡೆದ ಸಾವಿರಾರು ಜನ ಪೋರ್ಚುಗಲ್ಲಿಗೆ ಹೋಗಿ ನೆಲೆಸದೆ ನೇರ ಇಂಗ್ಲೆಂಡಿಗೆ ಹೋದರು. ಸ್ವಿಂಡನ್ ಊರಿನಲ್ಲಿ ಗೋವಾದವರ ದೊಡ್ಡ ಸಮುದಾಯವೇ ಇದೆ. ಲೆಕ್ಕಕ್ಕೆ ಅವರು ಯುರೋಪಿನವರು. 2020ರ ಡಿಸೆಂಬರ್ 31ರೊಳಗೆ ಅಲ್ಲಿ ನೆಲೆಸಿದ್ದವರು ಪೋಲೆಂಡಿನವರ ಹಾಗೆಯೇ ಅರ್ಜಿ ಹಾಕಿ ಉಳಿದುಕೊಂಡರು.

ಆಮೇಲೆ ಹೋಗುವವರಿಗೆ ಆ ಪಾಸ್‌ಪೋರ್ಟ್‌ನಿಂದ ಬ್ರಿಟನ್ನಿನಲ್ಲಿ ಕೆಲಸ ಮಾಡುವ ಹಕ್ಕು ಬರುವುದಿಲ್ಲ. ಅವರಿಗೂ ಸ್ಪಾನ್ಸರ್ ಬೇಕು, ವೀಸಾ ಬೇಕು, ಸಂಬಳದ ಮಿತಿ ದಾಟಬೇಕು. ಐರ್ಲೆಂಡ್, ಜರ್ಮನಿ, ಪೋರ್ಚುಗಲ್‌ಗಳಲ್ಲಿ ಆ ಪಾಸ್‌ಪೋರ್ಟ್ ಈಗಲೂ ನಡೆಯುತ್ತದೆ. ಆದರೆ ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಪೋರ್ಚುಗೀಸ್ ಪೌರತ್ವ ತಗೊಂಡರೆ ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕು. ಗೋವಾ ಕಡೆ ಸಂಬಂಧ ಬೆಳೆಸಿರುವ ನಮ್ಮ ಜಿಲ್ಲೆಯ ಮನೆಗಳಲ್ಲಿ "ಆ ಪಾಸ್‌ಪೋರ್ಟ್ ಒಂದು ಆದ್ರೆ ಲಂಡನ್ನಿಗೆ ಹೋಗಬಹುದು" ಅನ್ನುವ ಮಾತು ಬಂದರೆ, ಅರ್ಜಿ ಹಾಕುವ ಮೊದಲೇ ಈ ತಾರೀಖು ಹೇಳಿ: 2020ರ ಡಿಸೆಂಬರ್ 31.