ಸೇವಾ ಶ್ವಾನಕ್ಕೆ ಕಲಿಸುವವರ ಕೌಶಲವನ್ನು ಅಳೆಯುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಒಬ್ಬರಿಗೆ ಸೇವಾ ಶ್ವಾನ ಬೇಕಾಗಿದೆ. ತರಬೇತುದಾರರನ್ನು ವಿಚಾರಿಸಿದರೆ ಕೆಲವರು ಪ್ರಮಾಣಪತ್ರ ಮುಂದಿಡುತ್ತಾರೆ, ಕೆಲವರು ತಾವು ಪಳಗಿಸಿದ ನಾಯಿಯ ವಿಡಿಯೊ ತೋರಿಸುತ್ತಾರೆ, ಮತ್ತೆ ಕೆಲವರು ತಮಗೆ ಇಷ್ಟು ವರ್ಷಗಳ ಅನುಭವವಿದೆ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಅವರ ಕೌಶಲವನ್ನು ನಿಜವಾಗಿ ಅಳೆಯುವ ಬಗೆ ಇದೆಯೇ?

ಇದೆ. ಆದರೆ ನೀವು ಹೆಸರಿಸಿದ ಮೂರೂ ಆ ಕೆಲಸವನ್ನು ಅರೆಬರೆಯಾಗಿ ಮಾತ್ರ ಮಾಡುತ್ತವೆ. ಪ್ರಮಾಣಪತ್ರವು ಒಬ್ಬರು ಏನನ್ನು ಓದಿಕೊಂಡಿದ್ದಾರೆ ಎಂಬುದನ್ನು ತಿಳಿಸುತ್ತದೆ, ವಿಡಿಯೊ ಅವರ ಅತ್ಯುತ್ತಮ ನಾಯಿಯ ಅತ್ಯುತ್ತಮ ಗಳಿಗೆಯನ್ನು ತೋರಿಸುತ್ತದೆ, ವರ್ಷಗಳ ಲೆಕ್ಕವು ಅವರು ಎಷ್ಟು ಕಾಲದಿಂದ ಈ ಕಸುಬಿನಲ್ಲಿದ್ದಾರೆ ಎಂಬುದನ್ನಷ್ಟೇ ಹೇಳುತ್ತದೆ. ಸೇವಾ ಶ್ವಾನದ ತರಬೇತಿ ಉಳಿದ ನಾಯಿ ತರಬೇತಿಗಿಂತ ಬೇರೆಯಾಗುವುದು ಮುಖ್ಯವಾಗಿ ಒಂದು ಕಾರಣಕ್ಕೆ: ಇಲ್ಲಿ ಕಲಿಸಿದವರು ಕೊನೆಗೆ ಪಕ್ಕಕ್ಕೆ ಸರಿಯಬೇಕು, ಮತ್ತು ನಾಯಿಗಳ ವಿಷಯದಲ್ಲಿ ಹೆಚ್ಚಿನ ಪರಿಚಯವಿಲ್ಲದ, ಕಣ್ಣು ಕಾಣದ ಅಥವಾ ಕೈಕಾಲು ಸ್ವಾಧೀನದಲ್ಲಿರದ ಇನ್ನೊಬ್ಬರ ಜೊತೆಯಲ್ಲಿ ಆ ನಾಯಿ ವರ್ಷಗಟ್ಟಲೆ ಅದೇ ಕೆಲಸವನ್ನು ಮಾಡಿಕೊಂಡಿರಬೇಕು. ತರಬೇತುದಾರರ ಕೈಯಲ್ಲಿ ಸೊಗಸಾಗಿ ನಡೆದುಕೊಳ್ಳುವ ನಾಯಿ ಅವರ ಪರಿಣತಿಗೆ ಅರ್ಧ ಸಾಕ್ಷ್ಯ ಮಾತ್ರ. ಉಳಿದ ಅರ್ಧ ಸಿಗುವುದು ಲೀಶ್ ಇನ್ನೊಬ್ಬರ ಕೈಗೆ ಹೋದ ಮೇಲೆ.

ಮೊದಲು ಕಾಗದಪತ್ರಗಳ ಮಾತು. ಅಮೆರಿಕದ ಅಂಗವಿಕಲರ ಹಕ್ಕುಗಳ ಕಾನೂನಾದ ಎಡಿಎ ಪ್ರಕಾರ ಸೇವಾ ಶ್ವಾನಕ್ಕೆ ಪ್ರಮಾಣಪತ್ರವೇ ಬೇಕಾಗಿಲ್ಲ. ಅದಕ್ಕೆ ವೃತ್ತಿಪರರೇ ಕಲಿಸಿರಬೇಕೆಂಬ ನಿಯಮವೂ ಇಲ್ಲ, ಅಂಗವೈಕಲ್ಯವಿರುವ ವ್ಯಕ್ತಿ ತನ್ನ ನಾಯಿಗೆ ತಾನೇ ಕಲಿಸಿಕೊಳ್ಳಬಹುದು. ಹಣ ಪಡೆದು ಅಂತರ್ಜಾಲದಲ್ಲಿ ನೀಡುವ ನೋಂದಣಿ ಮತ್ತು ಗುರುತಿನ ಚೀಟಿಗಳಿಂದ ಕಾನೂನಿನ ಯಾವ ಹಕ್ಕೂ ಬರುವುದಿಲ್ಲ ಎಂದು ಅಲ್ಲಿನ ನ್ಯಾಯ ಇಲಾಖೆ ಸ್ಪಷ್ಟವಾಗಿ ಹೇಳಿದೆ. ಅಸಿಸ್ಟೆನ್ಸ್ ಡಾಗ್ಸ್ ಇಂಟರ್‌ನ್ಯಾಷನಲ್ ಮತ್ತು ಇಂಟರ್‌ನ್ಯಾಷನಲ್ ಗೈಡ್ ಡಾಗ್ ಫೆಡರೇಷನ್ ಎಂಬ ಎರಡು ಅಂತರರಾಷ್ಟ್ರೀಯ ಒಕ್ಕೂಟಗಳ ಮಾನ್ಯತೆಗೆ ತೂಕವಿದೆ, ಆದರೆ ಅವು ಮಾನ್ಯತೆ ನೀಡುವುದು ಸಂಸ್ಥೆಗಳಿಗೆ. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಹಿಂದೊಮ್ಮೆ ಕೆಲಸ ಮಾಡಿದ್ದೆ ಎನ್ನುವವರು ಆ ಮಾನ್ಯತೆಯನ್ನು ಜೊತೆಯಲ್ಲಿ ಕೊಂಡೊಯ್ಯಲಾರರು. ವ್ಯಕ್ತಿಗಳಿಗೆ ಸಿಗುವ ಪ್ರಮಾಣಪತ್ರಗಳ ಪೈಕಿ ಹೆಚ್ಚು ಪರಿಚಿತವಾದ, ವೃತ್ತಿಪರ ನಾಯಿ ತರಬೇತುದಾರರ ಜ್ಞಾನವನ್ನು ಅಳೆಯುವ ಸಿಪಿಡಿಟಿ-ಕೆಎ ಪರೀಕ್ಷೆಗೆ ಕೂರಲು ಕಳೆದ 3 ವರ್ಷಗಳಲ್ಲಿ ಕನಿಷ್ಠ 300 ಗಂಟೆ ನಾಯಿ ತರಬೇತಿ ಮಾಡಿರಬೇಕೆಂಬ ಷರತ್ತಿದೆ. ಅದು ಒಳ್ಳೆಯ ಷರತ್ತೇ, ಆದರೆ ಪರೀಕ್ಷೆ ಬಹುಆಯ್ಕೆಯ ಪ್ರಶ್ನೆಗಳದ್ದು, ಮತ್ತು ಅದು ಅಳೆಯುವುದು ಎಲ್ಲ ಬಗೆಯ ನಾಯಿ ತರಬೇತಿಗೂ ಬೇಕಾದ ಸಾಮಾನ್ಯ ಜ್ಞಾನವನ್ನು. ಕಣ್ಣು ಕಾಣದವರಿಗೆ ದಾರಿ ತೋರಿಸುವ ಮಾರ್ಗದರ್ಶಿ ನಾಯಿಗಳ ಲೋಕ ಇದಕ್ಕಿಂತ ಕಟ್ಟುನಿಟ್ಟಾದದ್ದು. ಅಲ್ಲಿ ಬೋಧಕರಾಗುವವರು ಹಿರಿಯರ ಕೈಕೆಳಗೆ ಸಾಮಾನ್ಯವಾಗಿ ಮೂರು ವರ್ಷಗಳ ಆಸುಪಾಸು ಶಿಷ್ಯವೃತ್ತಿ ಮಾಡುತ್ತಾರೆ. ಕ್ಯಾಲಿಫೋರ್ನಿಯ ರಾಜ್ಯವು ಅಂಥ ಬೋಧಕರಿಗೆ ಲೈಸೆನ್ಸ್ ಕೊಡಲೆಂದೇ 1940ರ ದಶಕದ ಕೊನೆಯಲ್ಲಿ ಸರ್ಕಾರಿ ಮಂಡಳಿಯೊಂದನ್ನು ಸ್ಥಾಪಿಸಿತ್ತು. 2018ರ ಆರಂಭದಲ್ಲಿ ಅದನ್ನೂ ಮುಚ್ಚಲಾಯಿತು.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಬಿಡಬೇಕು. ಸಾರ್ವಜನಿಕ ಸ್ಥಳದ ಪರೀಕ್ಷೆ ಎಂದು ಕರೆಯುವ ಪರೀಕ್ಷೆಯಲ್ಲಿ ನಾಯಿ ಲಿಫ್ಟಿನಲ್ಲಿ ಹೆದರದೆ ನಿಲ್ಲುತ್ತದೆಯೇ, ನೆಲಕ್ಕೆ ಬಿದ್ದ ಆಹಾರವನ್ನು ಮುಟ್ಟದೆ ಬಿಡುತ್ತದೆಯೇ, ಜನಜಂಗುಳಿಯಲ್ಲಿ ಯಜಮಾನರ ಪಕ್ಕದಲ್ಲೇ ಉಳಿಯುತ್ತದೆಯೇ ಎಂಬುದನ್ನು ನೋಡುತ್ತಾರೆ. ಅದು ಅಳೆಯುವುದು ಒಂದು ನಿರ್ದಿಷ್ಟ ದಿನದ ಒಂದು ನಿರ್ದಿಷ್ಟ ಜೋಡಿಯನ್ನು. ಸ್ವಭಾವತಃ ಶಾಂತವಾದ ನಾಯಿಯೊಂದು ಸಾಧಾರಣ ತರಬೇತುದಾರರನ್ನೂ ಈ ಪರೀಕ್ಷೆ ದಾಟಿಸಿಬಿಡಬಲ್ಲದು.

ಹಾಗಿದ್ದರೆ ಕಲಿಸುವವರನ್ನು ಎಲ್ಲಿ ನೋಡಬೇಕು? ನನ್ನ ಅಭಿಪ್ರಾಯದಲ್ಲಿ, ಅವರು ಎಂದೂ ಕಂಡಿರದ ನಾಯಿಯೊಂದನ್ನು ಅವರ ಮುಂದೆ ತಂದು, ಅದಕ್ಕೆ ಗೊತ್ತಿಲ್ಲದ ಸಣ್ಣ ಕೆಲಸವೊಂದನ್ನು ಇಪ್ಪತ್ತು ನಿಮಿಷ ಕಲಿಸಲು ಹೇಳುವುದಕ್ಕಿಂತ ಉತ್ತಮವಾದ ಕಿಟಕಿ ಬೇರೆ ಇಲ್ಲ. ನೆಲದ ಮೇಲಿನ ಬೀಗದ ಕೈ ಗೊಂಚಲನ್ನು ಎತ್ತಿಕೊಡುವ ಕೆಲಸವನ್ನೇ ತೆಗೆದುಕೊಳ್ಳೋಣ. ಲೋಹವನ್ನು ಕಚ್ಚುವುದು ಬಹಳ ನಾಯಿಗಳಿಗೆ ಹಿಡಿಸುವುದಿಲ್ಲ. ಕಸುಬು ಬಲ್ಲವರು ಗೊಂಚಲನ್ನು ನೆಲಕ್ಕೆಸೆದು ‘ತಾ, ತಾ’ ಎಂದು ಕೂಗುವುದಿಲ್ಲ. ಮೊದಲು ಅದಕ್ಕೊಂದು ಬಟ್ಟೆಯ ತುಂಡನ್ನು ಕಟ್ಟುತ್ತಾರೆ, ನಾಯಿ ಮೂಗು ತಾಗಿಸಿದ್ದಕ್ಕೇ ಕ್ಲಿಕ್ಕರ್ (‘ಸರಿ’ ಎಂದು ನಾಯಿಗೆ ಸದ್ದಿನಿಂದ ತಿಳಿಸುವ ಪುಟ್ಟ ಸಾಧನ) ಒತ್ತಿ ತಿನಿಸು ಕೊಡುತ್ತಾರೆ, ಆಮೇಲೆ ಬಾಯಿ ತೆರೆದುದಕ್ಕೆ, ಆಮೇಲೆ ಅರೆಕ್ಷಣ ಹಿಡಿದುದಕ್ಕೆ. ಕ್ಲಿಕ್ಕರ್ ಸದ್ದು ಹಲ್ಲು ತಾಗಿದ ಕ್ಷಣದಲ್ಲಿ ಬರುತ್ತದೆಯೋ ಅಥವಾ ನಾಯಿ ಗೊಂಚಲನ್ನು ಬಿಟ್ಟ ಮೇಲೆ ಬರುತ್ತದೆಯೋ ಎಂಬುದನ್ನು ಗಮನಿಸಬೇಕು. ಎರಡನೆಯದಾದರೆ ನಾಯಿ ಕಲಿಯುತ್ತಿರುವುದು ಬಿಡುವುದನ್ನು, ಹಿಡಿಯುವುದನ್ನಲ್ಲ. ನಾಯಿ ಎರಡು ಮೂರು ಸಲ ಸತತವಾಗಿ ತಪ್ಪಿದಾಗ ಅವರು ಏನು ಮಾಡುತ್ತಾರೆ ಎಂಬುದು ಇನ್ನೂ ಹೆಚ್ಚು ಹೇಳುತ್ತದೆ. ಕೆಲಸವನ್ನು ಸುಲಭಗೊಳಿಸಿ ಒಂದು ಮೆಟ್ಟಿಲು ಹಿಂದಕ್ಕೆ ಹೋಗುವವರಿದ್ದಾರೆ, ಅದೇ ಆಜ್ಞೆಯನ್ನು ದನಿಯೇರಿಸಿ ಮತ್ತೆ ಮತ್ತೆ ಹೇಳುವವರೂ ಇದ್ದಾರೆ. ಇಪ್ಪತ್ತು ನಿಮಿಷಗಳ ಕೊನೆಯಲ್ಲಿ ನಾಯಿ ಗೊಂಚಲನ್ನು ಎತ್ತಿತೋ ಇಲ್ಲವೋ ಎಂಬುದು ಅಂಕ ಕೊಡಬೇಕಾದ ವಿಷಯವೇ ಅಲ್ಲ.

ಅದೇ ಇಪ್ಪತ್ತು ನಿಮಿಷಗಳಲ್ಲಿ ಅವರಿಗೆ ನಾಯಿಯ ಮೈಭಾಷೆ ಎಷ್ಟು ಓದಲು ಬರುತ್ತದೆ ಎಂಬುದೂ ತಿಳಿಯುತ್ತದೆ. ಹಸಿವಿಲ್ಲದೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಇದ್ದಕ್ಕಿದ್ದಂತೆ ನೆಲ ಮೂಸತೊಡಗುವುದು ಇವೆಲ್ಲ ಒತ್ತಡದ ಗುರುತುಗಳಾಗಿರಬಹುದು. ಈ ಪಾಠವನ್ನು ಚಿತ್ರಿಸಿಕೊಂಡು, ನೋಡುತ್ತಿರುವ ಮೌಲ್ಯಮಾಪಕರು ಆ ವಿಡಿಯೊವನ್ನು ನಿಲ್ಲಿಸಿ ‘ಇಲ್ಲಿ ನಾಯಿಗೆ ಏನಾಗುತ್ತಿದೆ?’ ಎಂದು ಕೇಳಿದರೆ, ಪರಿಣತರು ನಾಯಿಯ ಕಿವಿ, ಬಾಲ, ಉಸಿರಾಟವನ್ನು ವಿವರಿಸಿ ಆಮೇಲೆ ತಮ್ಮ ಊಹೆಯನ್ನು ಹೇಳುತ್ತಾರೆ. ಅಪರಿಣತರು ನೇರವಾಗಿ ‘ಅದು ಹಟ ಮಾಡುತ್ತಿದೆ’ ಎನ್ನುತ್ತಾರೆ. ನೋವಿನ ಕೊರಳಪಟ್ಟಿ ಮತ್ತು ವಿದ್ಯುತ್ ಆಘಾತದ ಸಾಧನಗಳ ವಿಷಯದಲ್ಲಿ ಅಮೆರಿಕದ ಪಶುವೈದ್ಯಕೀಯ ವರ್ತನಾಶಾಸ್ತ್ರಜ್ಞರ ಸಂಘ 2021ರಲ್ಲಿ ಹೊರಡಿಸಿದ ಹೇಳಿಕೆ ಎಲ್ಲ ನಾಯಿಗಳಿಗೂ ಪ್ರತಿಫಲ ಆಧಾರಿತ ವಿಧಾನಗಳನ್ನೇ ಶಿಫಾರಸು ಮಾಡುತ್ತದೆ. ಸೇವಾ ಶ್ವಾನದ ವಿಷಯದಲ್ಲಿ ಇದು ಬರೀ ದಯೆಯ ಪ್ರಶ್ನೆಯೂ ಅಲ್ಲ: ಶಿಕ್ಷೆಯ ಭಯದಿಂದ ಕೆಲಸ ಮಾಡುವ ನಾಯಿ, ಶಿಕ್ಷಿಸುವ ಶಕ್ತಿಯೂ ಮನಸ್ಸೂ ಇಲ್ಲದ ವ್ಯಕ್ತಿಯ ಕೈಸೇರಿದ ಮೇಲೆ ಆ ಕೆಲಸವನ್ನು ಏಕೆ ಮುಂದುವರಿಸಬೇಕು?

ಬೇಡವೆನ್ನುವ ಕೌಶಲವೂ ಇಲ್ಲಿ ದೊಡ್ಡದು. ಉದ್ದೇಶಪೂರ್ವಕವಾಗಿ ತಳಿ ಬೆಳೆಸುವ ಸಂಸ್ಥೆಗಳಲ್ಲಿಯೂ ತರಬೇತಿಗೆ ಸೇರಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟು, ಹಲವೆಡೆ ಅದಕ್ಕಿಂತ ಹೆಚ್ಚು, ಸ್ವಭಾವ ಅಥವಾ ಆರೋಗ್ಯದ ಕಾರಣಕ್ಕೆ ಹೊರಬೀಳುತ್ತವೆ. ‘ನನ್ನ ಕೈಗೆ ಬಂದ ಯಾವ ನಾಯಿಯೂ ಇದುವರೆಗೆ ಸೋತಿಲ್ಲ’ ಎನ್ನುವವರನ್ನು ಕಂಡರೆ ನನಗೆ ಅನುಮಾನ ಬರುತ್ತದೆ. ಯಾವ ನಾಯಿಯನ್ನು, ಯಾವ ವಯಸ್ಸಿನಲ್ಲಿ, ಏನನ್ನು ಕಂಡು ಕೈಬಿಟ್ಟಿರಿ, ಅದು ಈಗ ಎಲ್ಲಿದೆ ಎಂದು ಕೇಳಿದರೆ ನಿಜವಾಗಿ ಕೆಲಸ ಮಾಡಿದವರ ಬಳಿ ವಿವರವಾದ ಉತ್ತರ ಇದ್ದೇ ಇರುತ್ತದೆ. ದೇಹಕ್ಕೆ ಸಂಬಂಧಿಸಿದ ಕೆಲಸಗಳಲ್ಲಂತೂ ಈ ವಿವೇಚನೆ ಇನ್ನೂ ಮುಖ್ಯ. ಏಳುವಾಗ ತೂಗಾಡುವ ವ್ಯಕ್ತಿಗೆ ಆಸರೆಯಾಗಿ ನಿಲ್ಲಬೇಕಾದ ನಾಯಿಯ ಮೂಳೆಗಳು ಪೂರ್ತಿ ಬಲಿತಿರಬೇಕು, ಸೊಂಟ ಮತ್ತು ಮೊಣಕೈ ಕೀಲುಗಳ ಎಕ್ಸ್‌ರೇ ಆಗಿರಬೇಕು, ಗಾತ್ರ ಆ ವ್ಯಕ್ತಿಯ ತೂಕಕ್ಕೆ ತಕ್ಕಂತಿರಬೇಕು. ಇದನ್ನೆಲ್ಲ ವಿಚಾರಿಸದೆ ‘ಯಾವ ನಾಯಿಗಾದರೂ ಕಲಿಸಿಕೊಡುತ್ತೇನೆ’ ಎನ್ನುವುದು ಕೌಶಲದ ಕೊರತೆಯೇ.

ಈಗ ಹಸ್ತಾಂತರ. ಸರಿಯಾದ ಮೌಲ್ಯಮಾಪನವು ತನ್ನ ಅರ್ಧದಷ್ಟು ಸಮಯವನ್ನು ಇಲ್ಲಿಗೇ ಮೀಸಲಿಡಬೇಕು. ವ್ಹೀಲ್‌ಚೇರಿನಲ್ಲಿ ಕುಳಿತ ವ್ಯಕ್ತಿಯೊಬ್ಬರು ಬೀಗದ ಕೈ ಬೀಳಿಸಿ ನಾಯಿಗೆ ಹೇಳುತ್ತಾರೆ ಎಂದುಕೊಳ್ಳಿ. ನಾಯಿ ಎತ್ತುತ್ತದೆ, ಆದರೆ ತರಬೇತುದಾರರ ಕೈ ಇರುತ್ತಿದ್ದ ಎತ್ತರಕ್ಕೆ ತಲೆಯೆತ್ತಿ ನಿಲ್ಲುತ್ತದೆ; ಕುಳಿತವರ ಬೆರಳುಗಳಿಗೆ ಮುಚ್ಚಿ ಹಿಡಿಯುವ ಶಕ್ತಿಯಿಲ್ಲ, ಗೊಂಚಲು ಮತ್ತೆ ನೆಲಕ್ಕೆ ಬೀಳುತ್ತದೆ. ಮುಂದಾಲೋಚನೆಯುಳ್ಳ ತರಬೇತುದಾರರು ಆರಂಭದಿಂದಲೇ ತಾವು ಕುರ್ಚಿಯಲ್ಲಿ ಕುಳಿತು, ನಾಯಿ ವಸ್ತುವನ್ನು ತೊಡೆಯ ಮೇಲೆ ಇಟ್ಟು ಅಲ್ಲಿಯೇ ಕಾಯುವಂತೆ ಕಲಿಸಿರುತ್ತಾರೆ, ತಿನಿಸನ್ನು ಕೈಯಿಂದ ಕೊಡುವ ಬದಲು ಕುರ್ಚಿಗೆ ಕಟ್ಟಿದ ಬಟ್ಟಲಿಗೆ ಬೀಳಿಸುವ ಅಭ್ಯಾಸ ಮಾಡಿಸಿರುತ್ತಾರೆ, ಮಾತು ಅಸ್ಪಷ್ಟವಾಗುವ ದಿನಗಳಿಗೆಂದು ಅದೇ ಕೆಲಸಕ್ಕೆ ಇನ್ನೊಂದು ಸನ್ನೆಯನ್ನೂ ಸೇರಿಸಿರುತ್ತಾರೆ. ಇದಕ್ಕೆ ನಾಯಿಯ ಜ್ಞಾನ ಸಾಲದು. ಆ ವ್ಯಕ್ತಿಯ ಕಾಯಿಲೆ ದಿನದಿಂದ ದಿನಕ್ಕೆ ಹೇಗೆ ಏರುಪೇರಾಗುತ್ತದೆ, ಅದು ಬೆಳೆಯುವ ಕಾಯಿಲೆಯೇ, ಮನೆಯಲ್ಲಿ ಇನ್ನಾರು ಇದ್ದಾರೆ ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡಿರಬೇಕು.

ಇಲ್ಲಿ ನೋಡಬೇಕಾದ ಇನ್ನೊಂದು ಸಂಗತಿ, ತರಬೇತುದಾರರು ಮನುಷ್ಯರಿಗೆ ಹೇಗೆ ಕಲಿಸುತ್ತಾರೆ ಎಂಬುದು. ಹೊಸ ಯಜಮಾನರು ತಪ್ಪಿದಾಗ ಲೀಶನ್ನು ತಮ್ಮ ಕೈಗೆ ಕಿತ್ತುಕೊಂಡು ‘ಹೀಗೆ ಮಾಡಿ’ ಎಂದು ತೋರಿಸುವವರು ಬಹಳ. ಆ ಕ್ಷಣದಲ್ಲಿ ನಾಯಿ ಮತ್ತೆ ಹಳಬರ ಕೆಲಸಗಾರನಾಗುತ್ತದೆ, ಯಜಮಾನರು ಪ್ರೇಕ್ಷಕರಾಗುತ್ತಾರೆ. ಕೈ ಕಟ್ಟಿ ನಿಂತು, ಒಂದೇ ಒಂದು ವಿಷಯವನ್ನು ತಿದ್ದಿ, ಅವರೇ ಇನ್ನೊಮ್ಮೆ ಪ್ರಯತ್ನಿಸುವಂತೆ ಬಿಡುವುದು ಕಷ್ಟದ ಕೆಲಸ. ನಾಯಿಗಳ ಜೊತೆ ಅಪಾರ ತಾಳ್ಮೆಯಿದ್ದು ಮನುಷ್ಯರ ಜೊತೆ ಅದರ ಕಾಲು ಭಾಗವೂ ಇಲ್ಲದವರು ಈ ಕ್ಷೇತ್ರದಲ್ಲಿ ಅಪರೂಪವೇನಲ್ಲ.

ಕಲಿಸಿದವರ ನೆರವಿಲ್ಲದೆ ನಾಯಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಮಾರ್ಗದರ್ಶಿ ನಾಯಿಗಳ ಶಾಲೆಗಳಲ್ಲಿ ಒಂದು ಹಳೆಯ, ನೇರವಾದ ಪರೀಕ್ಷೆಯಿದೆ. ಬೋಧಕರು ತಾವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ತಾವು ಪಳಗಿಸಿದ ನಾಯಿಯ ಹಾರ್ನೆಸ್ (ಮೈಗೆ ತೊಡಿಸಿದ ಹಿಡಿಕೆಯ ಪಟ್ಟಿ) ಹಿಡಿದು ಸಂಚಾರವಿರುವ ರಸ್ತೆಯಲ್ಲಿ ನಡೆಯುತ್ತಾರೆ, ಹಿಂದೆ ಇನ್ನೊಬ್ಬರು ಕಾವಲಿಗಿರುತ್ತಾರೆ. ಕಣ್ಣು ತೆರೆದಿರುವಾಗ ಬೋಧಕರ ಭುಜ, ಹೆಜ್ಜೆ, ನೋಟ ತಿಳಿಯದೆಯೇ ನಾಯಿಗೆ ದಾರಿ ತೋರಿಸುತ್ತಿರುತ್ತವೆ. ಬಟ್ಟೆ ಕಟ್ಟಿದೊಡನೆ ಆ ಸಹಾಯ ನಿಂತುಹೋಗಿ, ಕಾಲುದಾರಿಯ ಅಂಚಿನಲ್ಲಿ ನಾಯಿ ತಾನಾಗಿ ನಿಲ್ಲುತ್ತದೆಯೇ, ವಾಹನ ಬರುತ್ತಿರುವಾಗ ‘ಮುಂದೆ’ ಎಂದರೂ ಹೆಜ್ಜೆಯಿಡಲು ನಿರಾಕರಿಸುತ್ತದೆಯೇ ಎಂಬುದು ಬಯಲಾಗುತ್ತದೆ.

ಅರಿವಿಲ್ಲದೆ ಕೊಡುವ ಈ ಸುಳಿವುಗಳೇ ಕಾಯಿಲೆಯ ಮುನ್ಸೂಚನೆ ಕೊಡುವ ನಾಯಿಗಳ ವಿಷಯದಲ್ಲಿ ದೊಡ್ಡ ಸಮಸ್ಯೆ. ಗಣಿತ ಬಲ್ಲದೆಂದು ಬರ್ಲಿನ್‌ನಲ್ಲಿ ಹೆಸರುವಾಸಿಯಾಗಿದ್ದ ಹಾನ್ಸ್ ಎಂಬ ಕುದುರೆ ವಾಸ್ತವದಲ್ಲಿ ಪ್ರಶ್ನೆ ಕೇಳುವವರ ತಲೆಯ ಸೂಕ್ಷ್ಮ ಚಲನೆಯನ್ನು ನೋಡಿ ಗೊರಸು ಬಡಿಯುವುದನ್ನು ನಿಲ್ಲಿಸುತ್ತಿತ್ತು ಎಂದು ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿಕೊಟ್ಟಿದ್ದರು. ಅದರ ನಂತರ ಒಂದು ಶತಮಾನ ಕಳೆದ ಮೇಲೂ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾಸನೆ ಪತ್ತೆಹಚ್ಚುವ 18 ನಾಯಿ-ನಿರ್ವಾಹಕ ಜೋಡಿಗಳನ್ನು ಯಾವ ಮಾದಕವಸ್ತುವೂ ಸ್ಫೋಟಕವೂ ಇಲ್ಲದ ಕೋಣೆಗಳಿಗೆ ಕಳುಹಿಸಿದಾಗ ಬಹುಪಾಲು ಶೋಧಗಳಲ್ಲಿ ನಾಯಿ ‘ಪತ್ತೆ’ ಮಾಡಿದೆ ಎಂಬ ವರದಿ ಬಂದಿತು. ವಾಸನೆ ಇಲ್ಲಿದೆ ಎಂದು ನಿರ್ವಾಹಕರು ನಂಬುವಂತೆ ಗುರುತಿಟ್ಟ ಜಾಗಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಹಾಗಾಗಿ ರಕ್ತದ ಸಕ್ಕರೆ ಕುಸಿದುದನ್ನು ಮೂಸಿ ತಿಳಿಸುವ ನಾಯಿಯನ್ನು ತಯಾರಿಸುತ್ತೇನೆ ಎನ್ನುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಉತ್ತರ ಗೊತ್ತಿರುವ ಯಾರೊಬ್ಬರೂ ಕೋಣೆಯಲ್ಲಿ ಇಲ್ಲದಂತೆ ಪರೀಕ್ಷೆ ನಡೆಸುತ್ತೀರಾ ಎಂಬುದು. ಎರಡನೆಯ ಪ್ರಶ್ನೆ ಇನ್ನೂ ಚಿಕ್ಕದು: ಸಕ್ಕರೆ ಕುಸಿದಾಗ ತೆಗೆದ ಬೆವರಿನ ಮಾದರಿಯ ಪಕ್ಕದಲ್ಲಿ ಅದೇ ವ್ಯಕ್ತಿಯ ಸಾಮಾನ್ಯ ಸ್ಥಿತಿಯ ಮಾದರಿಯನ್ನೂ ಇಡುತ್ತೀರಾ, ಎರಡನ್ನೂ ಒಂದೇ ಬಗೆಯ ಡಬ್ಬಿಯಲ್ಲಿ, ಒಂದೇ ಬಗೆಯ ಕೈಗವಸು ತೊಟ್ಟು, ಅಷ್ಟೇ ದಿನ ಫ್ರೀಜರಿನಲ್ಲಿ ಇಟ್ಟಿದ್ದಿರಾ? ಇಲ್ಲವಾದರೆ ನಾಯಿ ಕಲಿತಿರುವುದು ಕೈಗವಸಿನ ವಾಸನೆಯನ್ನೂ ಇರಬಹುದು. ಮೂರ್ಛೆ ಬರುವುದನ್ನು ಮುಂಚಿತವಾಗಿಯೇ ತಿಳಿಸುವ ನಾಯಿಯನ್ನು ಖಾತ್ರಿಯಾಗಿ ಸಿದ್ಧಮಾಡಿಕೊಡುತ್ತೇನೆ ಎಂಬ ಮಾತನ್ನು ನಂಬಬೇಡಿ. ಮೂರ್ಛೆ ಬಂದ ಮೇಲೆ ಪಕ್ಕದಲ್ಲಿ ಮಲಗುವುದನ್ನು, ಇನ್ನೊಬ್ಬರನ್ನು ಕರೆತರುವುದನ್ನು, ಗುಂಡಿ ಒತ್ತುವುದನ್ನು ಕಲಿಸಬಹುದು.

ದಾಖಲೆ ಪುಸ್ತಕವನ್ನು ಕೇಳಿ ನೋಡಿ. ಯಾವ ದಿನ, ಯಾವ ಜಾಗದಲ್ಲಿ, ಎಷ್ಟು ಪ್ರಯತ್ನಗಳಲ್ಲಿ ಎಷ್ಟು ಸರಿಯಾದವು, ಯಾವ ಅಡಚಣೆಯಿತ್ತು ಎಂದು ಬರೆದಿಡುವವರಿಗೆ ನಾಯಿ ಎಲ್ಲಿ ನಿಂತುಬಿಟ್ಟಿದೆ ಎಂಬುದು ಗೊತ್ತಿರುತ್ತದೆ. ನೆನಪನ್ನೇ ನಂಬಿದವರಿಗೆ ಒಳ್ಳೆಯ ದಿನಗಳು ಮಾತ್ರ ನೆನಪಿರುತ್ತವೆ.

ಮೌಲ್ಯಮಾಪನವನ್ನು ಯಾರು ಮಾಡಬೇಕು ಎಂಬುದಕ್ಕೂ ಒಂದು ಮಾತು. ಕಲಿಸಿದ ಗುರುವೇ ಅಂಕ ಕೊಡುವ ಪದ್ಧತಿಗಿಂತ, ಹೊರಗಿನ ಇಬ್ಬರು ಒಂದೇ ವಿಡಿಯೊವನ್ನು ಬೇರೆ ಬೇರೆಯಾಗಿ ನೋಡಿ, ಮೊದಲೇ ಬರೆದಿಟ್ಟ ಮಾನದಂಡದ ಪ್ರಕಾರ ಅಂಕ ಕೊಟ್ಟು ಆಮೇಲೆ ಹೋಲಿಸಿಕೊಳ್ಳುವುದು ಹೆಚ್ಚು ನಂಬಲರ್ಹವಾದದ್ದು. ಸೇವಾ ಶ್ವಾನವನ್ನು ವರ್ಷಗಟ್ಟಲೆ ಬಳಸಿದ ಒಬ್ಬರಾದರೂ ಮೌಲ್ಯಮಾಪಕರಲ್ಲಿ ಇರಬೇಕು ಎಂಬುದು ನನ್ನ ಆಗ್ರಹ. ತರಬೇತುದಾರರ ಕಣ್ಣಿಗೆ ಬೀಳದ ದೋಷಗಳು ಹಾಗೆ ಬಳಸಿದವರ ಕೈಗೆ ಬೇಗ ತಗಲುತ್ತವೆ.

ನಿಮ್ಮ ಸಂದರ್ಭದಲ್ಲಿ ಇಷ್ಟೆಲ್ಲ ಏರ್ಪಾಡು ಸಾಧ್ಯವಾಗದಿರಬಹುದು. ಆಗಲೂ ಮೂರು ಕೆಲಸಗಳನ್ನು ಬಿಡಬೇಡಿ. ಅವರು ಇನ್ನೂ ಅರ್ಧ ಕಲಿತ ನಾಯಿಗೆ ಪಾಠ ಹೇಳುವ ಒಂದು ಅವಧಿಯನ್ನು ಎದುರಿಗೆ ಕುಳಿತು ನೋಡಿ; ಅದಕ್ಕೆ ಒಪ್ಪದಿದ್ದರೆ ಮುಂದೆ ಹೋಗುವುದು ಬೇಡ. ಅವರಿಂದ ನಾಯಿ ಪಡೆದು ಕನಿಷ್ಠ ಎರಡು ವರ್ಷವಾದವರ ಜೊತೆ ಮಾತಾಡಿ, ನಾಯಿಗೆ ಕಲಿಸಿದ್ದ ಕೆಲಸಗಳಲ್ಲಿ ಈಗಲೂ ಎಷ್ಟು ಉಳಿದಿವೆ, ಒಂದು ಕೆಲಸ ಸಡಿಲವಾದಾಗ ತರಬೇತುದಾರರು ಫೋನ್ ಎತ್ತಿದರೇ ಎಂದು ವಿಚಾರಿಸಿ. ಹಣ ಕೊಡುವ ಮುನ್ನ, ಹಸ್ತಾಂತರದ ನಂತರದ ಭೇಟಿಗಳು ಎಷ್ಟು, ಜೋಡಿ ಹೊಂದದಿದ್ದರೆ ನಾಯಿ ಎಲ್ಲಿಗೆ ಹೋಗುತ್ತದೆ, ಅದರ ಖರ್ಚು ಯಾರದು ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.