ಜುನಿಪರ್ ಬೋನ್ಸಾಯ್: ಕುಂಡದ ಆಳ ಮತ್ತು ಬದಲಾವಣೆಯ ಕಾಲ

ಸದಾ ಹಸಿರಾಗಿರುವ ಶಂಕುಧಾರಿ ಮರವಾದ ಜುನಿಪರನ್ನು ಕುಂಡದಲ್ಲಿ ಕುಳ್ಳಾಗಿಟ್ಟು ಬೋನ್ಸಾಯ್ ಆಗಿ ಬೆಳೆಸುವವರು ನನ್ನಲ್ಲಿ ಹೆಚ್ಚಾಗಿ ಕೇಳುವುದು ಎರಡು ಪ್ರಶ್ನೆ: ಈ ಗಿಡಕ್ಕೆ ಯಾವ ಕುಂಡ ಒಪ್ಪುತ್ತದೆ, ಕುಂಡ ಬದಲಿಸುವುದು ಯಾವಾಗ. ಮೊದಲನೆಯದನ್ನು ಅವರು ಕಣ್ಣಿನ ಮೆಚ್ಚಿಕೆಗೆ ಬಿಡುತ್ತಾರೆ, ಎರಡನೆಯದನ್ನು ಯಾವುದೋ ಜಪಾನಿ ಕೈಪಿಡಿಯ ತಿಂಗಳ ಪಟ್ಟಿಗೆ ಬಿಡುತ್ತಾರೆ. ಬೆಂಗಳೂರಿನಲ್ಲಿ ಈ ಗಿಡಗಳ ಆರೈಕೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಬೇರನ್ನು ಕತ್ತರಿಸಿದ ಮೇಲಿನ ಆರೆಂಟು ವಾರಗಳಲ್ಲಿ ಬೇರಿನ ಸುತ್ತ ನೀರೆಷ್ಟು ನಿಲ್ಲುತ್ತದೆ, ಗಾಳಿಯೆಷ್ಟು ಆಡುತ್ತದೆ, ಮೇಲಿನ ಹಸಿರಿನಿಂದ ನೀರೆಷ್ಟು ಆವಿಯಾಗಿ ಹೋಗುತ್ತದೆ ಎಂಬ ಲೆಕ್ಕದ ಮೇಲೆ ಗಿಡದ ಅಳಿವು ಉಳಿವು ನಿಂತಿದೆ. ಕುಂಡದ ಆಳ ಆ ಲೆಕ್ಕದ ಒಂದು ಭಾಗವಾದರೆ, ಋತು ಅದರ ಇನ್ನೊಂದು ಭಾಗ.

ಈ ಲೆಕ್ಕ ಜುನಿಪರ್‌ಗೆ ಬೇರೆ ಗಿಡಗಳಿಗಿಂತ ಬಿಗಿಯಾದದ್ದು. ನಮ್ಮ ಆಲ, ಅತ್ತಿ, ಬಸರಿಗಳ ಎಲೆಯನ್ನೆಲ್ಲ ತೆಗೆದು, ಬೇರನ್ನು ಗಣನೀಯವಾಗಿ ಕಡಿದು ನೆಟ್ಟರೂ ಕಾಂಡದಲ್ಲಿ ಕೂಡಿಟ್ಟುಕೊಂಡ ಆಹಾರದಿಂದ ಅವು ಮತ್ತೆ ಚಿಗುರಿಕೊಳ್ಳುತ್ತವೆ. ಜುನಿಪರ್‌ನ ಬಲ ಬಹುಮಟ್ಟಿಗೆ ಅದರ ಹಸಿರಿನಲ್ಲೇ ಇದೆ, ಹಸಿರು ಪೂರ್ತಿ ಹೋದ ಹಳೆಯ ಕೊಂಬೆ ಮತ್ತೆ ಚಿಗುರುವುದಿಲ್ಲ. ಆದ್ದರಿಂದ ಎಲೆ ತೆಗೆದು ಆವಿಯನ್ನು ತಗ್ಗಿಸುವ ಉಪಾಯ ಇಲ್ಲಿ ನಡೆಯದು. ಬೇರಿನೊಂದಿಗೆ ಬೆರೆತು ಬದುಕುವ ಶಿಲೀಂಧ್ರದ ನೆರವೂ ಈ ಗಿಡಕ್ಕೆ ಇರುವುದರಿಂದ, ಮಣ್ಣನ್ನೆಲ್ಲ ತೊಳೆದು ಬೇರನ್ನು ಬರಿದು ಮಾಡಿದರೆ ಅದನ್ನೂ ಕಳೆದಂತಾಗುತ್ತದೆ.

ಇದಕ್ಕಿಂತ ತೊಡಕಿನ ಸಂಗತಿಯೆಂದರೆ, ಬೇರು ಸತ್ತ ಸುದ್ದಿಯನ್ನು ಜುನಿಪರ್ ಬಹಳ ತಡವಾಗಿ ಹೇಳುತ್ತದೆ. ಬೇರು ಕೆಲಸ ನಿಲ್ಲಿಸಿದ ಎಷ್ಟೋ ವಾರಗಳವರೆಗೆ ತುದಿಗಳು ಹಸಿರಾಗಿಯೇ ಇರುತ್ತವೆ. ನಾಲ್ಕನೇ ವಾರದಲ್ಲಿ ಗಿಡ ಹಸಿರಾಗಿದೆ ಎಂದು ಸಂತೋಷಪಡುವವರಿಗೆ ನಾನು ಹೇಳುವುದು ಬಣ್ಣವನ್ನು ನಂಬಬೇಡಿ, ತುದಿಯನ್ನು ನೋಡಿ ಎಂದು. ಬದುಕಿರುವ ಜುನಿಪರ್‌ನ ತುದಿ ಉಳಿದ ಎಲೆಗಿಂತ ತಿಳಿಯಾದ ಹೊಸ ಹಸಿರನ್ನು ತೋರಿಸುತ್ತದೆ, ಬೆರಳಲ್ಲಿ ಹಿಡಿದರೆ ಮೆತ್ತಗಿರುತ್ತದೆ. ಸಾಯುತ್ತಿರುವುದರ ಹಸಿರಿನಲ್ಲಿ ಹೊಳಪು ಹೋಗಿ ಬೂದಿಯ ಛಾಯೆ ಬಂದಿರುತ್ತದೆ, ಮುಟ್ಟಿದರೆ ಗರಿಗರಿ ಎನ್ನುತ್ತದೆ. ಅದು ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಕಾಲದ ವಿಚಾರಕ್ಕೆ ಬರೋಣ. ಜಪಾನಿನಲ್ಲಿ ಜುನಿಪರ್ ಕುಂಡವನ್ನು ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಲ್ಲಿ ಬದಲಿಸುತ್ತಾರೆ. 1923ರ ಭೂಕಂಪದ ನಂತರ ಟೋಕಿಯೋದ ಬೋನ್ಸಾಯ್ ಬೆಳೆಗಾರರು ಹೋಗಿ ನೆಲೆಸಿದ ಸೈತಾಮಾದ ಓಮಿಯಾದಲ್ಲಿ ಆ ಹೊತ್ತಿಗೆ ಹಿಮದ ಚಳಿ ಕಳೆದು, ನೆಲ ಬೆಚ್ಚಗಾಗುತ್ತಾ, ಗಿಡ ಎಚ್ಚರಗೊಳ್ಳುತ್ತಿರುತ್ತದೆ. ಕತ್ತರಿಸಿದ ಬೇರಿಗೆ ಮುಂದೆ ತಂಪಾದ ವಸಂತವೂ ಅದರ ಬೆನ್ನಿಗೇ ಜೂನ್‌ನ ಮಳೆಯೂ ಸಿಗುತ್ತವೆ. ಅದೇ ಮಾರ್ಚ್ ನಮ್ಮಲ್ಲಿ ಬೇಸಿಗೆಯ ಬಾಗಿಲು. ಮಧ್ಯಾಹ್ನದ ಗಾಳಿ ವರ್ಷದಲ್ಲೇ ಅತ್ಯಂತ ಒಣಗಿರುವ ದಿನಗಳವು, ಏಪ್ರಿಲ್‌ನಲ್ಲಿ ಬೆಂಗಳೂರಿನ ಗರಿಷ್ಠ ತಾಪಮಾನ ಸರಾಸರಿ 34 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕೈಪಿಡಿಯ ತಿಂಗಳನ್ನು ಹಾಗೆಯೇ ತಂದುಕೊಂಡರೆ, ಬೇರಿಲ್ಲದ ಗಿಡವನ್ನು ನೇರ ಬಿಸಿಲಿಗೆ ಒಪ್ಪಿಸಿದಂತಾಗುತ್ತದೆ.

ಬೆಂಗಳೂರು, ಮೈಸೂರು, ಕೋಲಾರ, ತುಮಕೂರಿನ ಸೀಮೆಗೆ ನಾನು ಪಾಲಿಸುವ ಅವಧಿ ಸಂಕ್ರಾಂತಿಯಿಂದ ಶಿವರಾತ್ರಿಯೊಳಗಿನದು, ಅದರಲ್ಲೂ ಮೊದಲ ಅರ್ಧ. ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತಾ ಹೋಗುತ್ತದೆ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬಹುದು: ಚಳಿ ಹೋಗುವ ಮೊದಲು ಬೇರಿಗೆ ಹೊಸ ಬಿಳಿ ತುದಿಗಳು ಬಂದಿರಬೇಕು. ಆದರೆ ಶಿವರಾತ್ರಿ ಕೆಲವು ವರ್ಷ ಮಾರ್ಚ್‌ಗೆ ಜಾರುವುದರಿಂದ, ಹಬ್ಬ ತಡವಾದ ವರ್ಷ ಫೆಬ್ರವರಿ ಮಧ್ಯಕ್ಕೇ ಕೆಲಸ ಮುಗಿಸಿಬಿಡುವುದು ಒಳ್ಳೆಯದು. ಕ್ಯಾಲೆಂಡರನ್ನು ನೋಡಲು ಮನಸ್ಸಿಲ್ಲದವರು ರಸ್ತೆ ಬದಿಯ ಹೊಂಗೆ ಮರವನ್ನು ನೋಡಬಹುದು, ಅದು ಎಲೆ ಉದುರಿಸಿ ಎಳೆ ಚಿಗುರಿನಿಂದ ತುಂಬಿಕೊಂಡಿದ್ದರೆ ಈ ವರ್ಷದ ಅವಕಾಶ ಮುಗಿಯಿತೆಂದೇ ಲೆಕ್ಕ. ಲಾಲ್‌ಬಾಗಿನ ಜನವರಿಯ ಫಲಪುಷ್ಪ ಪ್ರದರ್ಶನದ ಹೊತ್ತಿನಲ್ಲಿ ಗಿಡ ಕೊಂಡವರಿಗೆ ಕಾಲ ಕೈಯಲ್ಲಿರುತ್ತದೆ. ಆಗಸ್ಟ್‌ನ ಪ್ರದರ್ಶನದ ಹೊತ್ತಿನಲ್ಲಿ ಕೊಂಡವರು ಮುಂದಿನ ಸಂಕ್ರಾಂತಿಯವರೆಗೆ ಗಿಡವನ್ನು ತಂದ ಕುಂಡದಲ್ಲೇ ನೋಡಿಕೊಂಡಿರುವುದು ಕ್ಷೇಮ.

ಮುಂಗಾರಿನಲ್ಲಿ ಬದಲಿಸಬಾರದೇ ಎಂದರೆ, ಬದಲಿಸಬಹುದು, ಹಲವರು ಬದಲಿಸುತ್ತಾರೆ. ಮೋಡ ಮುಚ್ಚಿದ ತಂಪಾದ ದಿನಗಳಲ್ಲಿ ಆವಿ ಕಡಿಮೆ ಎಂಬುದು ನಿಜ. ಆದರೆ ಬಯಲುಸೀಮೆಯ ಜೂನ್-ಜುಲೈನಲ್ಲಿ ಮಳೆಗಿಂತ ಆಷಾಢದ ಗಾಳಿಯ ಆರ್ಭಟವೇ ಹೆಚ್ಚು. ಮಹಡಿಯ ಮೇಲಿನ ಗಿಡವನ್ನು ಆ ಗಾಳಿ ದಿನವಿಡೀ ಅಲುಗಿಸುತ್ತಿದ್ದರೆ ಹೊಸದಾಗಿ ಮೂಡುವ ಎಳೆ ಬೇರು ಕುಂಡಕ್ಕೆ ತುಂಬಿದ ಮಿಶ್ರಣದ ಹರಳಿನ ನಡುವೆ ಉಜ್ಜಿ ಹರಿದುಹೋಗುತ್ತದೆ. ಗೋಡೆಯ ಮರೆ ಇದ್ದವರು ಮಾತ್ರ ಈ ಕಾಲವನ್ನು ಆರಿಸಿಕೊಳ್ಳಲಿ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಆಷಾಢದ ಮಳೆಯೇ ಶತ್ರು, ಅಲ್ಲಿ ಮಳೆ ಹಿಂದೆಗೆದ ಮೇಲೆ ಅಕ್ಟೋಬರ್‌ನಲ್ಲಿ ಅಥವಾ ನಮ್ಮಂತೆಯೇ ಜನವರಿಯಲ್ಲಿ ಮಾಡುವುದು ಸರಿ. ಕರಾವಳಿಯ ಸೆಕೆಯಲ್ಲಿ ಜುನಿಪರ್ ಬೆಳೆಸಲು ಹೊರಟವರಿಗೆ ನನ್ನ ಸಲಹೆ ಬೇರೆಯೇ ಇದೆ, ಅವರು ಅದೇ ಶ್ರಮವನ್ನು ಒಂದು ಬಸರಿ ಗಿಡಕ್ಕೆ ಕೊಡಲಿ.

ಬದಲಿಸುವ ಅಗತ್ಯ ಇದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಚೆನ್ನಾಗಿ ಬೆಳೆಯುತ್ತಿರುವ ಎಳೆಯ ಗಿಡಕ್ಕೆ ಎರಡು ಮೂರು ವರ್ಷಕ್ಕೊಮ್ಮೆ, ರೂಪ ಕೂಡಿ ಬಂದ ಹಳೆಯ ಗಿಡಕ್ಕೆ ನಾಲ್ಕೈದು ವರ್ಷಕ್ಕೊಮ್ಮೆ ಕುಂಡ ಬದಲಿಸಿದರೆ ಸಾಕು. ಹೊಯ್ದ ನೀರು ಇಂಗದೆ ಮೇಲೆಯೇ ಕೆರೆಯಂತೆ ನಿಲ್ಲುತ್ತಿದ್ದರೆ, ಅಥವಾ ಬೇರು ಒತ್ತಿ ಇಡೀ ಗಿಡ ಕುಂಡದ ಅಂಚಿಗಿಂತ ಮೇಲೆದ್ದಿದ್ದರೆ ಸಮಯ ಬಂದಿದೆ. ಒಳಗಿನ ಎಲೆಗಳು ಹಳದಿಯಾಗಿ ಉದುರುವುದು ಮಾತ್ರ ಹೆಚ್ಚಿನ ಸಲ ಬೆಳಕಿನ ಕೊರತೆಯ ಗುರುತು, ಅದಕ್ಕೆ ಹೊಸ ಕುಂಡ ಮದ್ದಲ್ಲ.

ಇನ್ನು ಕುಂಡ. ಪಾತ್ರೆ ತೊಳೆಯುವ ಸ್ಪಂಜೊಂದನ್ನು ನೀರಲ್ಲಿ ಅದ್ದಿ, ಅಂಗೈ ಮೇಲೆ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದಕ್ಕೆ ನಿಲ್ಲಿಸಿ. ಇನ್ನಷ್ಟು ನೀರು ಸುರಿಯುತ್ತದೆ. ಕುಂಡದೊಳಗೂ ನಡೆಯುವುದು ಇದೇ. ನೀರು ಹೊಯ್ದು ಬಸಿದ ಮೇಲೂ ತಳದಲ್ಲಿ ಒಂದು ಪದರ ಪೂರ್ತಿ ನೀರಿನಿಂದ ತುಂಬಿಯೇ ಇರುತ್ತದೆ, ಅದರ ದಪ್ಪ ಹರಳಿನ ಗಾತ್ರವನ್ನು ಅವಲಂಬಿಸಿದೆಯೇ ಹೊರತು ಕುಂಡದ ಆಳವನ್ನಲ್ಲ. ಆ ಪದರ 2 ಸೆಂ.ಮೀ. ಎಂದಿಟ್ಟುಕೊಂಡರೆ, 12 ಸೆಂ.ಮೀ. ಆಳದ ಕುಂಡದಲ್ಲಿ ಬೇರಿನ ಆರರಲ್ಲಿ ಒಂದು ಭಾಗ ಮಾತ್ರ ಉಸಿರು ಕಟ್ಟಿರುತ್ತದೆ, 5 ಸೆಂ.ಮೀ. ಆಳದ ತಟ್ಟೆಯಂಥ ಕುಂಡದಲ್ಲಿ ನೂರಕ್ಕೆ ನಲವತ್ತು ಭಾಗ. ತೆಳು ಕುಂಡ ಬೇಗ ಒಣಗುತ್ತದೆ ಎಂಬುದಷ್ಟೇ ಎಲ್ಲರಿಗೂ ಗೊತ್ತಿರುವುದು, ಅದು ಮಳೆಗಾಲದಲ್ಲಿ ಅಷ್ಟೇ ಸುಲಭವಾಗಿ ಬೇರನ್ನು ಕೊಳೆಸುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನೀರು ಬಸಿಯಲೆಂದು ತಳಕ್ಕೆ ಹೆಂಚಿನ ಚೂರು, ಜಲ್ಲಿ ತುಂಬುವ ರೂಢಿಯೂ ಇದೇ ಕಾರಣಕ್ಕೆ ನಿಷ್ಪ್ರಯೋಜಕ: ಆ ಒದ್ದೆ ಪದರ ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ತೂತಿನ ಮೇಲೊಂದು ಜಾಲರಿ ಇದ್ದರೆ ಸಾಕು.

ಆದ್ದರಿಂದ ನರ್ಸರಿಯಿಂದ ಬಂದ ಗಿಡವನ್ನು ಮೊದಲ ಸಲವೇ ಪ್ರದರ್ಶನದ ಕುಂಡಕ್ಕೆ ಏರಿಸುವುದನ್ನು ನಾನು ಒಪ್ಪುವುದಿಲ್ಲ. ಮಾರುಕಟ್ಟೆಯಲ್ಲಿ ಗಿಡ ಬೇಗ ಖರ್ಚಾಗಲೆಂದು ಹಾಗೆ ಮಾಡಿರುವುದನ್ನು ಎಲ್ಲೆಡೆ ನೋಡುತ್ತೇವೆ. ರೂಪ ತಿದ್ದುವ ವರ್ಷಗಳಲ್ಲಿ ಗಿಡ ಇರಬೇಕಾದದ್ದು ಬೇರಿನ ಮುದ್ದೆಗಿಂತ ಎರಡು ಮೂರು ಬೆರಳಷ್ಟು ಮಾತ್ರ ಅಗಲವಾದ, ಸಾಕಷ್ಟು ಆಳವಿರುವ, ಬಣ್ಣ ಬಳಿಯದ ಮಣ್ಣಿನ ಕುಂಡದಲ್ಲಿ. ಅದರ ಗೋಡೆಯಿಂದ ನೀರು ಆವಿಯಾಗುವುದರಿಂದ ಒಳಗೆ ತಂಪಿರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಹಗುರವಾದರೂ ಮಹಡಿಯ ಬಿಸಿಲಿನಲ್ಲಿ ಅದರ ಬದಿಯ ಬೇರು ಬೆಂದುಹೋಗುತ್ತದೆ. ಸಿಮೆಂಟ್ ಕುಂಡ ಅಗ್ಗ, ಆದರೆ ಹೊಸದಾಗಿದ್ದಾಗ ಸುಣ್ಣ ಬಿಡುತ್ತದೆ, ಕೆಲವು ವಾರ ನೀರಲ್ಲಿ ನೆನೆಸಿ, ನೀರು ಬದಲಿಸುತ್ತಾ ಇಟ್ಟು ನಂತರ ಬಳಸಬೇಕು. ಬೋರ್‌ವೆಲ್ ನೀರು ಹಾಕುವವರ ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟಿಕೊಳ್ಳುವುದು ಸಹಜ. ಅದನ್ನು ಉಜ್ಜಿ ತೆಗೆಯುವುದಕ್ಕಿಂತ ಮಳೆನೀರನ್ನು ಹಿಡಿದಿಟ್ಟುಕೊಂಡು ಆಗಾಗ ಧಾರಾಳವಾಗಿ ಹೊಯ್ದು, ಒಳಗಿನ ಉಪ್ಪನ್ನೂ ತೊಳೆದು ಹರಿಸುವುದು ಹೆಚ್ಚು ಉಪಯೋಗದ್ದು.

ರೂಪ ಕೂಡಿ ಬಂದ ಮೇಲೆ ಸೌಂದರ್ಯದ ನಿಯಮಗಳು ಬರಲಿ. ಕುಂಡದ ಉದ್ದ ಮರದ ಎತ್ತರದ ಮೂರರಲ್ಲಿ ಎರಡು ಭಾಗ, ಮರ ಎತ್ತರಕ್ಕಿಂತ ಅಗಲವಾಗಿದ್ದರೆ ಅಗಲದ ಮೂರರಲ್ಲಿ ಎರಡು ಭಾಗ. ಆಳ ಬುಡದ ಕಾಂಡದ ದಪ್ಪದಷ್ಟು. ಇದು ಎಲ್ಲರೂ ಹೇಳುವ ಅಳತೆ. ಜುನಿಪರ್ ವಿಷಯದಲ್ಲಿ ನಾನು ಆಳಕ್ಕೆ ಮಾತ್ರ ಒಂದೆರಡು ಸೆಂ.ಮೀ. ಹೆಚ್ಚು ಕೊಡುತ್ತೇನೆ, ನೋಡುವವರಿಗೆ ಅದು ತಿಳಿಯುವುದೂ ಇಲ್ಲ. ಮೆರುಗಿಲ್ಲದ ಕಂದು, ಕಾವಿ, ಬೂದು ಬಣ್ಣಗಳು ಈ ಮರಕ್ಕೆ ಒಪ್ಪುತ್ತವೆ. ಜಪಾನಿನ ಐಚಿ ಪ್ರಾಂತ್ಯದ ಟೊಕೊನಾಮೆಯ ಮೆರುಗಿಲ್ಲದ ಕುಂಡಗಳಿಗೆ ಇಷ್ಟು ಹೆಸರು ಬಂದಿರುವುದು ಸುಮ್ಮನೆ ಅಲ್ಲ. ಉತ್ತರ ಪ್ರದೇಶದ ಖುರ್ಜಾದಿಂದ ಬರುವ ನೀಲಿ, ಹಸಿರು ಮೆರುಗಿನ ಕುಂಡಗಳನ್ನು ಹೂ ಬಿಡುವ ಕಾಗದದ ಹೂವಿನ ಗಿಡಕ್ಕೆ ಇಟ್ಟುಕೊಳ್ಳಿ. ದಪ್ಪ ಕಾಂಡದಲ್ಲಿ ಒಣಗಿಸಿ ಬೆಳ್ಳಗಾಗಿಸಿದ ಭಾಗವಿರುವ ಗಂಭೀರ ಮರಕ್ಕೆ ಮೂಲೆಗಳಿರುವ ಆಯತಾಕಾರ ಚೆನ್ನ, ತೆಳ್ಳನೆಯ ಬಳುಕುವ ಕಾಂಡಕ್ಕೆ ದುಂಡನೆಯದು. ಕೆಳಕ್ಕೆ ಇಳಿಬಿದ್ದ ರೂಪಕ್ಕೆ ಎತ್ತರದ ಕುಂಡ ಬೇಕು, ಬೇರಿನ ದೃಷ್ಟಿಯಿಂದ ಜುನಿಪರ್‌ಗೆ ಅದೇ ಅತ್ಯಂತ ಸುಖದ ಮನೆ.

ಅಂಗಡಿಯಲ್ಲಿ ಕುಂಡವನ್ನು ತಲೆಕೆಳಗೆ ಮಾಡಿ ನೋಡದೆ ಕೊಳ್ಳಬೇಡಿ. ತೂತುಗಳು ದೊಡ್ಡದಾಗಿರಬೇಕು, ತಳ ಮಧ್ಯದಲ್ಲಿ ತಗ್ಗಾಗಿ ನೀರು ನಿಲ್ಲುವಂತಿರಬಾರದು, ನೆಲದಿಂದ ಎತ್ತಿ ಹಿಡಿಯುವ ಕಾಲುಗಳಿರಬೇಕು, ತಂತಿ ಕಟ್ಟಲು ಸಣ್ಣ ತೂತುಗಳಿರಬೇಕು, ಒಳಮೈಗೆ ಮೆರುಗು ಬಳಿದಿರಬಾರದು. ಬಾಯಿ ಒಳಮುಖವಾಗಿ ಬಾಗಿದ ಕುಂಡ ಎಷ್ಟೇ ಚೆಂದವಿದ್ದರೂ ಬೇಡ, ನಾಲ್ಕು ವರ್ಷದ ನಂತರ ಬೇರು ಕಟ್ಟಿದ ಗಿಡವನ್ನು ಅದರಿಂದ ಹೊರತೆಗೆಯಲು ಬೇರನ್ನೋ ಕುಂಡವನ್ನೋ ಒಡೆಯಬೇಕಾಗುತ್ತದೆ.

ಕೆಲಸದ ಹಿಂದಿನ ದಿನ ನೀರು ನಿಲ್ಲಿಸಿದರೆ ಮಣ್ಣು ಸುಲಭವಾಗಿ ಬಿಡುತ್ತದೆ. ನಮ್ಮ ಕಡೆಯ ನರ್ಸರಿಗಳಿಂದ ಬರುವ ಜುನಿಪರ್‌ಗಳ ಬೇರಿನ ನಡುವೆ ಹೆಚ್ಚಾಗಿ ಕೆಮ್ಮಣ್ಣು ಅಥವಾ ಜೇಡಿಮಣ್ಣಿನ ಗಟ್ಟಿ ಮುದ್ದೆಯೊಂದು ಇರುತ್ತದೆ. ಸುತ್ತ ಎಷ್ಟು ಒಳ್ಳೆಯ ಹರಳು ತುಂಬಿದರೂ ಹೊಯ್ದ ನೀರು ಈ ಮುದ್ದೆಯನ್ನು ಬಳಸಿಕೊಂಡು ಹರಿದುಹೋಗಿ, ಒಳಗೆ ಅದು ಒಣಗಿಯೇ ಉಳಿಯುತ್ತದೆ. ಅದನ್ನು ಬಿಡಿಸಲೇಬೇಕು, ಆದರೆ ಒಂದೇ ಸಲಕ್ಕಲ್ಲ. ಬೇರಿನ ಮುದ್ದೆಯನ್ನು ನಡುವೆ ಎರಡು ಭಾಗ ಮಾಡಿಕೊಂಡು, ಒಂದು ಬದಿಯ ಮಣ್ಣನ್ನು ಮಾತ್ರ ಬಿದಿರಿನ ಕಡ್ಡಿಯಿಂದ ಕಾಂಡದವರೆಗೂ ಬಿಡಿಸಿ, ಇನ್ನೊಂದು ಬದಿಯನ್ನು ಮುಟ್ಟದೆ ಹಾಗೆಯೇ ಬಿಡಬೇಕು. ಬಿಡಿಸಿದ ಬದಿ ಯಾವುದೆಂದು ಕುಂಡದ ಅಂಚಿನಲ್ಲಿ ಗುರುತು ಹಾಕಿಡಿ. ಹಳೆಯ ಜುನಿಪರ್‌ಗಳಲ್ಲಿ ಕಾಂಡದ ಜೀವಂತ ಪಟ್ಟಿಯೊಂದು ನಿರ್ದಿಷ್ಟ ಬೇರನ್ನು ನಿರ್ದಿಷ್ಟ ಕೊಂಬೆಗೆ ಜೋಡಿಸಿರುತ್ತದೆ, ದಪ್ಪ ಬೇರನ್ನು ಕತ್ತರಿಸುವ ಮೊದಲು ಆ ಪಟ್ಟಿ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೆರಳಿನಿಂದ ಹಿಂಬಾಲಿಸಿ ನೋಡಿ.

ಹೊಸ ಮಿಶ್ರಣಕ್ಕೆ ಜಪಾನಿನ ಅಕಡಾಮಾ ಎಂಬ ಜೇಡಿಮಣ್ಣಿನ ಹರಳನ್ನು ತರಿಸಲೇಬೇಕೆಂದಿಲ್ಲ. ಅದು ಒಳ್ಳೆಯದೇ, ಆದರೆ ಕಾಲಕ್ರಮೇಣ ಒಡೆದು ಪುಡಿಯಾಗುತ್ತದೆ, ರೂಪ ತಿದ್ದುವ ಹಂತದ ಗಿಡಕ್ಕೆ ಆ ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ. ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು, ಪ್ಯೂಮಿಸ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲು, ಅಲ್ಪ ಪ್ರಮಾಣದಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಮುಖ್ಯವಾದದ್ದು ಜರಡಿ: 3ರಿಂದ 6 ಮಿ.ಮೀ. ಗಾತ್ರದ ಹರಳು ಉಳಿಯಬೇಕು, ಅದಕ್ಕಿಂತ ಸಣ್ಣ ಪುಡಿ ಪೂರ್ತಿ ಹೋಗಬೇಕು. ತುಂಬಿದ ಮೇಲೆ ಕಡ್ಡಿಯಿಂದ ಹರಳನ್ನು ಬೇರಿನ ಸಂದುಗಳಿಗೆ ಇಳಿಸಿ, ತಳದ ತೂತಿನಿಂದ ತಂದ ತಂತಿಯಿಂದ ಬೇರಿನ ಮುದ್ದೆಯನ್ನು ಬಿಗಿಯಾಗಿ ಕಟ್ಟಿ. ಕಾಂಡ ಹಿಡಿದು ಮೆಲ್ಲಗೆ ಅಲುಗಿಸಿದರೆ ಗಿಡ ಮತ್ತು ಕುಂಡ ಒಟ್ಟಿಗೆ ಅಲುಗಬೇಕು. ನಂತರ ತಳದಿಂದ ತಿಳಿ ನೀರು ಬರುವವರೆಗೆ ನೀರು ಹೊಯ್ಯಬೇಕು.

ಮೊದಲ ಎರಡು ಮೂರು ವಾರ ಅರ್ಧ ನೆರಳು ಕೊಡುವ ಬಲೆಯ ಕೆಳಗೆ, ಬೆಳಗಿನ ಬಿಸಿಲು ಸಿಗುವ, ಗಾಳಿಯ ಹೊಡೆತವಿಲ್ಲದ ಕಡೆ ಇಟ್ಟು, ದಿನಕ್ಕೆ ಒಂದೆರಡು ಸಲ ಹಸಿರಿಗೆ ಮಾತ್ರ ನೀರು ಸಿಂಪಡಿಸಿ. ಬುಡಕ್ಕೆ ನೀರು ಹಾಕುವುದು ಮೇಲ್ಪದರ ಆರಿದ ಮೇಲೆ. ಮನೆಯೊಳಗೆ ತಂದಿಡುವುದು ಬೇಡ. ಅದೇ ಋತುವಿನಲ್ಲಿ ಕೊಂಬೆಗೆ ತಂತಿ ಸುತ್ತುವುದನ್ನಾಗಲೀ ಹಸಿರನ್ನು ಹೆಚ್ಚಾಗಿ ಕತ್ತರಿಸುವುದನ್ನಾಗಲೀ ಮಾಡಬೇಡಿ. ಮೀನಿನ ಹುರುಪೆಯಂತೆ ಮೆತ್ತಗೆ ಒತ್ತಿಕೊಂಡಿದ್ದ, ಶಿಂಪಾಕು ಎಂಬ ಜಪಾನಿ ಜುನಿಪರ್ ಬಗೆಯ ಎಲೆಗಳ ನಡುವೆ ಒಮ್ಮೆಲೆ ಚುಚ್ಚುವ ಸೂಜಿ ಎಲೆಗಳು ಕಾಣಿಸಿಕೊಂಡರೆ, ಗಿಡಕ್ಕೆ ಒಂದೇ ಸಲಕ್ಕೆ ಹೆಚ್ಚು ಹೊರೆಯಾಗಿದೆ ಎಂದರ್ಥ. ಅವುಗಳನ್ನು ಕಿತ್ತರೆ ಇನ್ನಷ್ಟು ಬರುತ್ತವೆ, ಸುಮ್ಮನೆ ಬಿಟ್ಟರೆ ಒಂದೆರಡು ವರ್ಷದಲ್ಲಿ ಹುರುಪೆ ಎಲೆ ಮರಳುತ್ತದೆ. ಗೊಬ್ಬರವನ್ನು ಆರು ವಾರ ಕಳೆದು, ತುದಿಗಳಲ್ಲಿ ತಿಳಿಹಸಿರು ಕಂಡ ಮೇಲೆ ಸ್ವಲ್ಪ ಸ್ವಲ್ಪವಾಗಿ ಆರಂಭಿಸಿದರಾಯಿತು. ಮುಟ್ಟದೆ ಬಿಟ್ಟ ಇನ್ನೊಂದು ಬದಿಯ ಮಣ್ಣನ್ನು ಬಿಡಿಸುವುದು, ಗಿಡ ಚೆನ್ನಾಗಿ ಬೆಳೆದಿದ್ದರೆ, ಎರಡು ವರ್ಷದ ನಂತರದ ಸಂಕ್ರಾಂತಿಗೆ.