ಫೋನು ಮಾತಾಡಿತು ಸರಿ, ಆದರೆ ಯಾರ ಜೊತೆ?

ಟೆಲಿಫೋನ್ ಕಂಡುಹಿಡಿದವರು ಯಾರು ಅಂದರೆ ಶಾಲೆ ಮಕ್ಕಳೂ ಗ್ರಹಾಂ ಬೆಲ್ ಅಂತಾರೆ. ಸ್ವಲ್ಪ ಓದಿಕೊಂಡವರು ಎಲಿಶಾ ಗ್ರೇ ಹೆಸರು ತೆಗೆಯುತ್ತಾರೆ. 1876ರ ಫೆಬ್ರವರಿ 14ರಂದು ಇಬ್ಬರ ಕಾಗದಪತ್ರಗಳೂ ಒಂದೇ ದಿನ ಅಮೆರಿಕದ ಪೇಟೆಂಟ್ ಕಚೇರಿ ಸೇರಿದ್ದವಲ್ಲ! ಈ ಜಗಳ ಮುಗಿಯೋದಲ್ಲ, ಬಿಡಿ.

ಆ ಮಾರ್ಚ್ 10ಕ್ಕೆ ಬಾಸ್ಟನ್‌ನಲ್ಲಿ ಬೆಲ್ ಬೇರೆ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್‌ನನ್ನು ತಂತಿಯಲ್ಲೇ ಕರೆದ. ಆದರೆ ಆ ತಂತಿಗೆ ಎರಡೇ ತುದಿ. ಮರುವರ್ಷ ಫೋನು ಬಾಡಿಗೆಗೆ ಸಿಗತೊಡಗಿದಾಗಲೂ ಅದೇ ಕಥೆ: ಅಂಗಡಿಯಿಂದ ಮನೆಗೊಂದು ತಂತಿ, ಗೋದಾಮಿಗೂ ಮಾತಾಡಬೇಕಾ, ಇನ್ನೊಂದು ತಂತಿ ಎಳಿ. ಹತ್ತೇ ಮನೆಯವರು ಎಲ್ಲರೂ ಎಲ್ಲರ ಜೊತೆ ಮಾತಾಡಬೇಕೆಂದರೆ 45 ತಂತಿ ಬೇಕು!

ನನ್ನ ಲೆಕ್ಕದಲ್ಲಿ ಫೋನು ನಿಜಕ್ಕೂ ಹುಟ್ಟಿದ್ದು 1878ರ ಜನವರಿ 28ಕ್ಕೆ, ನ್ಯೂ ಹೇವನ್ ಊರಿನಲ್ಲಿ. ಜಾರ್ಜ್ ಕಾಯ್ ಅನ್ನುವವನು ಅಲ್ಲಿ ಎಲ್ಲರ ತಂತಿಯನ್ನೂ ಒಂದೇ ಕೋಣೆಗೆ ತಂದು, ಬೇಕಾದವರನ್ನು ಬೇಕಾದವರಿಗೆ ಜೋಡಿಸುವ ಎಕ್ಸ್‌ಚೇಂಜ್ ತೆರೆದ. ಚಂದಾದಾರರು 21. ತಂತಿಗಳನ್ನು ಜೋಡಿಸುವ ಆ ಹಲಗೆ, ಅಂದರೆ ಸ್ವಿಚ್‌ಬೋರ್ಡ್, ಮಾಡಿದ್ದು ಏನೇನರಿಂದ ಗೊತ್ತಾ? ಗಾಡಿಗೆ ಹಾಕುವ ಬೋಲ್ಟು, ಟೀ ಪಾಟ್ ಮುಚ್ಚಳದ ಹಿಡಿ, ಹೆಂಗಸರು ಆಗ ಲಂಗ ಹಿಂದಕ್ಕೆ ಉಬ್ಬಿ ನಿಲ್ಲಲಿ ಅಂತ ಒಳಗೆ ಹಾಕಿಕೊಳ್ಳುತ್ತಿದ್ದ ತಂತಿ. ಒಂದು ಸಲಕ್ಕೆ ಎರಡೇ ಮಾತುಕತೆ ನಡೆಯುತ್ತಿತ್ತು, ಆದರೂ ಸಾಕಿತ್ತು.

ಬೇರೆ ಊರುಗಳಲ್ಲೂ ಎಕ್ಸ್‌ಚೇಂಜ್ ಬಂದವು. ಅಲ್ಲಿ ಕರೆ ಜೋಡಿಸೋಕೆ ಆಪರೇಟರ್ ಅಂತ ಕೂರಿಸಿದ್ದ ಹುಡುಗರು ಗಿರಾಕಿಗಳ ಮೇಲೇ ರೇಗುತ್ತಿದ್ದರಂತೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಎಮ್ಮಾ ನಟ್ ಮೊದಲ ಮಹಿಳಾ ಆಪರೇಟರ್ ಆದರು.

ಆಮೇಲೆ ಆಪರೇಟರೇ ಬೇಡ ಅಂದವನು ಆಲ್ಮನ್ ಸ್ಟ್ರೌಜರ್. ಶವಸಂಸ್ಕಾರದ ವ್ಯಾಪಾರ ಅವನದು. ತನಗೆ ಬರುವ ಕರೆಗಳನ್ನು ಆಪರೇಟರ್ ಎದುರಾಳಿ ಅಂಗಡಿಗೆ ತಿರುಗಿಸುತ್ತಾಳೆ ಅಂತ ಅವನಿಗೆ ಅನುಮಾನವಿತ್ತು ಅನ್ನೋ ಕಥೆ ಇದೆ, ಎಷ್ಟು ನಿಜವೋ! 1891ರಲ್ಲಿ ಪೇಟೆಂಟ್ ಸಿಕ್ಕಿತು, ಮರುವರ್ಷ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಯಂತ್ರವೇ ಕರೆ ಜೋಡಿಸತೊಡಗಿತು.

ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದೂ ಇದೇ ಸ್ಟ್ರೌಜರ್ ಎಕ್ಸ್‌ಚೇಂಜ್. ಹಳೇ ಕರಿ ಫೋನಿನಲ್ಲಿ 7ಕ್ಕೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ ಡಯಲ್ ಟರ್ ಅಂತ ವಾಪಸ್ ಬರುತ್ತಿತ್ತಲ್ವಾ? ಅಷ್ಟರಲ್ಲಿ ಎಕ್ಸ್‌ಚೇಂಜಿನಲ್ಲಿ ಒಂದು ಲೋಹದ ಕೈ ಟಕಟಕ ಅಂತ ಏಳು ಮೆಟ್ಟಿಲು ಹತ್ತಿರುತ್ತಿತ್ತು.